ಇಲ್ಲಿ ಬಿರುಕು ಬಿಡಿಸಿಕೊಡಲಾಗುವುದು

ನಮ್ಮ ದಿಬ್ಬೂರಹಳ್ಳಿ ಕಡೆ ಯಾವುದಕ್ಕೆ ಬರ ಬಂದರೂ ಬಿರುಕಿಗೆ ಬಂದಿಲ್ಲ. ಮಳೆ ಕೈಕೊಟ್ಟ ವರ್ಷ ಕೆರೆಯಂಗಳ ಬಿರಿಯುತ್ತದೆ. ಬಿಲ್ಲು ಪಾಸಾದ ಮಾರನೇ ತಿಂಗಳು ಚರಂಡಿಯ ಕಾಂಕ್ರೀಟು ಬಿರಿಯುತ್ತದೆ. ಸರ್ವೆಯರು ಚೈನು ಹಿಡಿದು ಬಂದು ಹೋದ ಸಂಜೆ ಅಣ್ಣತಮ್ಮಂದಿರ ಮನೆ ಬಿರಿಯುತ್ತದೆ. ಇವೆಲ್ಲ ಪುಕ್ಕಟೆ. ಹೀಗಿರುವಾಗ ಬಿರುಕನ್ನು ಬಾಟಲಿಗೆ ತುಂಬಿ, ಮುಚ್ಚಳಕ್ಕೊಂದು ಕುಂಚ ಸಿಕ್ಕಿಸಿ, ನಮಗೇ ಮಾರಲು ಬಂದವನ ಧೈರ್ಯಕ್ಕೆ ಶಾಲು ಹೊದಿಸಿ ಹಾರ ಹಾಕಲೇಬೇಕು.

ಬಾಟಲಿಯ ಹೆಸರು ಕ್ರ್ಯಾಕಲ್ ಪಾಲಿಶ್. ಶಿಡ್ಲಘಟ್ಟದ ಫ್ಯಾನ್ಸಿ ಸ್ಟೋರಿನಲ್ಲಿ ಸಿಗದಿದ್ದರೆ ಕೊರಿಯರಿನ ಹುಡುಗ ಮನೆ ಬಾಗಿಲಿಗೇ ತಂದುಕೊಡುತ್ತಾನೆ. ಜೊತೆಗೊಂದು ಗ್ಲಿಟರ್ ಬಾಟಲಿ, ಉಗುರಿಗೆ ಅಂಟಿಸುವ ಚಿತ್ರಗಳ ಹಾಳೆ ಇದ್ದರೆ ಹಜಾರವೇ ಬ್ಯೂಟಿ ಪಾರ್ಲರು. ಡಿಗ್ರಿ ಓದುತ್ತಿರುವ ನಮ್ಮ ಅಕ್ಕನ ಮಗಳು ಭಾನುವಾರ ಬಂದರೆ ಹಳೇ ಪೇಪರು ಹಾಸಿ, ಹತ್ತೂ ಬೆರಳು ಹರಡಿಕೊಂಡು ಕೂರುತ್ತಾಳೆ. ಆ ಹೊತ್ತಿನಲ್ಲಿ ಅವಳಿಗೆ ನೀರು ಕುಡಿಸುವುದು, ಫೋನ್ ಎತ್ತಿ ಕಿವಿಗಿಡುವುದು, ಮೂಗು ಕೆರೆದುಕೊಡುವುದು ಎಲ್ಲವೂ ಮನೆಯವರ ಸಾಮೂಹಿಕ ಜವಾಬ್ದಾರಿ.

ವಿಧಾನ ಸುಲಭ. ಮೊದಲು ಒಂದು ಬಣ್ಣ ಹಚ್ಚಿ ಪೂರ್ತಿ ಒಣಗಲು ಬಿಡಬೇಕು. ಅದರ ಮೇಲೆ ಕ್ರ್ಯಾಕಲನ್ನು ಒಂದೇ ಎಳೆತಕ್ಕೆ ಬಳಿಯಬೇಕು. ಎರಡನೇ ಸಲ ಕುಂಚ ಆಡಿಸಿದರೆ ಕೆಟ್ಟಿತು. ಈ ಪಾಲಿಶಿನಲ್ಲಿ ಬೇಗ ಆವಿಯಾಗುವ ದ್ರಾವಕ ಜಾಸ್ತಿ, ಪದರವನ್ನು ಬಳುಕುವಂತೆ ಇಡುವ ಅಂಶ ಕಡಿಮೆ. ಹಾಗಾಗಿ ಮೇಲಿನ ಪದರ ಒಣಗುತ್ತ ಕುಗ್ಗುತ್ತದೆ, ಕೆಳಗಿನದು ಜಪ್ಪಯ್ಯ ಅಂದರೂ ಕದಲುವುದಿಲ್ಲ. ಈ ಎಳೆದಾಟದಲ್ಲಿ ಮೇಲಿನದು ಹರಿದು, ಸಂದಿಯಲ್ಲಿ ಕೆಳಗಿನ ಬಣ್ಣ ಇಣುಕುತ್ತದೆ. ಬೇಸಗೆಯಲ್ಲಿ ಕೆರೆಯ ಕೆಸರು ಹೆಂಚು ಹೆಂಚಾಗಿ ಬಿರಿಯುವುದೂ ಇದೇ ಲೆಕ್ಕದ ಮೇಲೆ. ದಪ್ಪಗೆ ಬಳಿದರೆ ದೊಡ್ಡ ಬಿರುಕು, ತೆಳ್ಳಗೆ ಬಳಿದರೆ ಕೂದಲೆಳೆಯಂಥ ಬಿರುಕು. ಕೆರೆಗೆ ಇದನ್ನು ಸಾಧಿಸಲು ಒಂದಿಡೀ ಬೇಸಗೆ ಬೇಕು; ಬಾಟಲಿಗೆ ಒಂದೆರಡು ನಿಮಿಷ ಸಾಕು. ಪ್ರಗತಿ ಅಂದರೆ ಇದೇ.

ಮೊದಲ ಸಲ ಇದನ್ನು ಕಂಡ ನಮ್ಮ ಅಜ್ಜಿ ಮರಿಮೊಮ್ಮಗಳ ಕೈಯನ್ನು ಬೆಳಕಿಗೆ ಹಿಡಿದು ನೋಡಿ ತೀರ್ಪು ಕೊಟ್ಟರು: "ಒಡ್ದೋಗಿರೋದು ಕೊಟ್ಟವ್ನೆ ಕಣಮ್ಮಿ ಅಂಗಡಿಯೋನು. ವಾಪಸ್ ಕೊಟ್ಟು ಬಾ."

ಅಜ್ಜಿಗೆ ಫ್ಯಾಷನ್ ಚರಿತ್ರೆ ಗೊತ್ತಿಲ್ಲ, ಪಾಪ. ನೈಲ್ ಪಾಲಿಶಿನ ಜೀವಾಳವಾದ ನೈಟ್ರೋಸೆಲ್ಯುಲೋಸ್ ಹತ್ತಿಯನ್ನು ಆಮ್ಲದಲ್ಲಿ ಅದ್ದಿ ಮಾಡುವ ವಸ್ತು. ಅದರ ಖಾಸಾ ಅಣ್ಣ ಗನ್‌ಕಾಟನ್ ತೋಪಿನ ಮದ್ದಾಗಿದ್ದವನು. ತಮ್ಮ ಮೊದಲು ಕಾರಿನ ಪೇಂಟಾದ, ಕಾರಿನಿಂದ ಇಳಿದು ಉಗುರು ಹತ್ತಿದ. 1932ರಲ್ಲಿ ಅಮೆರಿಕದಲ್ಲಿ ರೆವ್ಲಾನ್ ಕಂಪನಿ ಶುರುವಾದದ್ದೇ ನೈಲ್ ಪಾಲಿಶನ್ನು ನಂಬಿಕೊಂಡು. ನಮ್ಮಲ್ಲಿ 1952ರಲ್ಲಿ ಟಾಟಾದವರು ಲ್ಯಾಕ್ಮೆ ತೆರೆದರು. 2011ರಲ್ಲಿ ಓಪಿಐ ಕಂಪನಿ ಗಾಯಕಿ ಕೇಟಿ ಪೆರ್ರಿಯ ಹೆಸರಲ್ಲಿ ಕಪ್ಪು ಕ್ರ್ಯಾಕಲ್ ಬಿಟ್ಟಾಗ ಅಮೆರಿಕದ ಹುಡುಗಿಯರು ಮುಗಿಬಿದ್ದರು. ಸಿಡಿಮದ್ದಿನ ಮನೆತನದಲ್ಲಿ ಹುಟ್ಟಿ ಉಗುರಿನ ಮೇಲೆ ತಣ್ಣಗೆ ಒಣಗುವಷ್ಟು ಸಾಧುವಾದವರು ಲೋಕದಲ್ಲಿ ಕಡಿಮೆ. ಆ ಅಪರೂಪಕ್ಕಾದರೂ ಕಾಸು ಕೊಡಬೇಡವೇ?

ಆದರೆ ನಮ್ಮ ಊರ ಕಡೆ ಈ ಸಾಧುವಿಗೆ ಒಂದು ಮನೆಯೊಳಗೆ ಪ್ರವೇಶವಿಲ್ಲ: ಹುಳುಮನೆ. ರೇಷ್ಮೆ ಹುಳುವಿನಷ್ಟು ಕಟ್ಟುನಿಟ್ಟಿನ ಅತ್ತೆ ಯಾವ ಧಾರಾವಾಹಿಯಲ್ಲೂ ಬಂದಿಲ್ಲ. ಸೆಂಟು ಹಾಕಿಕೊಂಡವರು ಒಳಗೆ ಬರುವಂತಿಲ್ಲ, ಬೀಡಿ ಸೇದಿದವರು ಸೊಪ್ಪು ಮುಟ್ಟುವಂತಿಲ್ಲ, ಸೊಳ್ಳೆ ಬತ್ತಿ ಹಚ್ಚುವಂತಿಲ್ಲ, ಪಕ್ಕದ ಹೊಲದವನು ಟೊಮೇಟೊಗೆ ಔಷಧಿ ಹೊಡೆದರೆ ಇಲ್ಲಿ ಪಂಚಾಯಿತಿ. ಹುಳು ನಾಲ್ಕು ಜ್ವರ ಎದ್ದು ಹಣ್ಣಾಗಿ, ಗೂಡು ಕಟ್ಟುವ ಚಂದ್ರಂಕಿ ಹತ್ತುವ ತನಕ ಮನೆಯ ಹೆಣ್ಣುಮಕ್ಕಳ ಉಗುರು ಬೋಳು. ತಮಾಷೆ ನೋಡಿ: ಹುಳು ತರುವ ಮುಂಚೆ ಅದೇ ಮನೆಗೆ ಸೋಂಕು ಹೋಗಲೆಂದು ಹೊಡೆಯುವ ಫಾರ್ಮಾಲಿನ್ ಇದೆಯಲ್ಲ, ಅದರಲ್ಲಿರುವ ಫಾರ್ಮಾಲ್ಡಿಹೈಡೇ ಉಗುರು ಗಟ್ಟಿ ಮಾಡುವ ಕೆಲವು ಬಾಟಲಿಗಳಲ್ಲೂ ಇರುತ್ತದೆ. ಫಾರ್ಮಾಲಿನ್ ಹೊಡೆದ ಮನೆಯನ್ನು ಬಾಗಿಲು ತೆರೆದಿಟ್ಟು ಗಾಳಿಯಾಡಿಸಿ, ವಾಸನೆ ಹೋದ ಮೇಲಷ್ಟೇ ಹುಳುವನ್ನು ಕರೆದುಕೊಳ್ಳುತ್ತಾರೆ. ಹೆಣ್ಣುಮಗಳ ಬೆರಳಿಗೆ ಹುಳುವಿನ ಮರ್ಯಾದೆ ಸಿಕ್ಕಿಲ್ಲ. ಅವಳಿಗೆ ಗೂಡು ಕಟ್ಟಲು ಬರುವುದಿಲ್ಲವಲ್ಲ.

ಇನ್ನು ಗ್ಲಿಟರು. ತೆಳ್ಳನೆಯ ಪಾಲಿಯೆಸ್ಟರ್ ಹಾಳೆಗೆ ಅಲ್ಯುಮಿನಿಯಂ ಲೇಪಿಸಿ, ಬಣ್ಣ ಕೊಟ್ಟು, ಸಾಸಿವೆಗಿಂತ ಸಣ್ಣಗೆ ಕತ್ತರಿಸಿದರೆ ಅದೇ ಮಿನುಗು. ಹಚ್ಚುವುದು ಅರೆ ಗಳಿಗೆ, ತೆಗೆಯುವುದು ಒಂದು ವ್ರತ. ಹತ್ತಿಯನ್ನು ರಿಮೂವರಿನಲ್ಲಿ ನೆನೆಸಿ, ಉಗುರಿನ ಮೇಲಿಟ್ಟು, ಚಪಾತಿ ಸುತ್ತುವ ಫಾಯಿಲಿನಿಂದ ಹತ್ತೂ ಬೆರಳಿಗೆ ಟೋಪಿ ಹಾಕಿ ಕೂರಬೇಕು. ಆ ಹತ್ತು ನಿಮಿಷ ಮನುಷ್ಯ ಯಾವ ಕೆಲಸಕ್ಕೂ ಬರುವುದಿಲ್ಲ. ನಮ್ಮ ಹುಡುಗಿ ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾಳೆ. ಮೊದಲು ಫೆವಿಕಾಲ್ ಬಳಿದು, ಒಣಗಿದ ಮೇಲೆ ಗ್ಲಿಟರ್ ಹಚ್ಚುವುದು. ಬೇಡವಾದಾಗ ಸಿಪ್ಪೆಯ ಹಾಗೆ ಎಬ್ಬಿಸಿ ಎಸೆಯುವುದು. ಮರ ಬಿಟ್ಟರೂ ನಾ ಬಿಡೆನೆನ್ನುವ ಗೋಂದು ಉಗುರಿಗೆ ಮಾತ್ರ ಹೀಗೆ ವಿಚ್ಛೇದನ ಕೊಡುತ್ತದೆ.

ಎದ್ದ ಮಿನುಗು ಎಲ್ಲಿಗೆ ಹೋಗುತ್ತದೆ? ಬೆಂಗಳೂರಿನ ಬಚ್ಚಲಲ್ಲಿ ತೊಳೆದರೆ ಅದು ದಿಕ್ಕುದೆಸೆಯಿಲ್ಲದೆ ಹಾಳಾಗುವುದಿಲ್ಲ. ಹೆಬ್ಬಾಳ-ನಾಗವಾರ ಕಣಿವೆ ಯೋಜನೆ ಎಂಬುದೊಂದಿದೆ. ರಾಜಧಾನಿಯವರು ಸ್ನಾನ ಮಾಡಿ, ಪಾತ್ರೆ ತೊಳೆದು, ಇನ್ನೂ ಏನೇನೋ ಮಾಡಿ ಬಿಟ್ಟ ನೀರನ್ನು ಎರಡು ಹಂತ ಶುದ್ಧೀಕರಿಸಿ, ದಿನಕ್ಕೆ 210 ದಶಲಕ್ಷ ಲೀಟರಿನ ಲೆಕ್ಕದಲ್ಲಿ ಚಿಕ್ಕಬಳ್ಳಾಪುರದ ಕಡೆಯ ಕೆರೆಗಳಿಗೆ ಪಂಪು ಮಾಡುವ ಯೋಜನೆ. ಮೂರನೇ ಹಂತದ ಶುದ್ಧೀಕರಣವೂ ಬೇಕೆಂದು ನಮ್ಮ ನೀರಾವರಿ ಹೋರಾಟಗಾರರು ಕೂಗುತ್ತಲೇ ಇದ್ದಾರೆ. ಅವರಿಗೆ ಸೌಂದರ್ಯಪ್ರಜ್ಞೆ ಇಲ್ಲ. ಗ್ಲಿಟರಿನಂಥ ಸಣ್ಣ ಪ್ಲಾಸ್ಟಿಕ್ಕು ಶುದ್ಧೀಕರಣ ಘಟಕದಲ್ಲಿ ಬಹುಪಾಲು ಸಿಕ್ಕಿಬಿದ್ದರೂ ಪೂರ್ತಿ ಸಿಕ್ಕಿಬೀಳುವುದಿಲ್ಲ. ಬಿಡಿ ಗ್ಲಿಟರ್ ಬೇಡವೆಂದು ಯುರೋಪಿನವರು 2023ರ ಅಕ್ಟೋಬರಿನಲ್ಲಿ ಕಾನೂನು ಜಾರಿಗೆ ತಂದರು. ನೈಲ್ ಪಾಲಿಶಿಗಂತೂ 2035ರ ತನಕ ವಾಯಿದೆ ಕೊಟ್ಟರು. ಅಷ್ಟರೊಳಗೆ ಹೊಳೆಯಬೇಕಾದವರೆಲ್ಲ ಹೊಳೆದು ಮುಗಿಸಬಹುದು. ಮದುವೆ ಛತ್ರದಲ್ಲಿ ಹೊಳೆಯುವ ಪಾಲು ಅವರದು, ಕೆರೆಯ ತಳದಲ್ಲಿ ಹೊಳೆಯುವ ಪಾಲು ನಮ್ಮದು.

ಮೂರನೆಯದು ಡೆಕಾಲ್. ಹಾಳೆಯಿಂದ ಚಿತ್ರ ಕತ್ತರಿಸಿ, ನೀರಲ್ಲಿ ಅರ್ಧ ನಿಮಿಷ ಅದ್ದಿದರೆ ಜಾರಿ ಬರುತ್ತದೆ. ಉಗುರಿಗೆ ಕೂರಿಸಿ ಒತ್ತಬೇಕು. ಹಾಳೆ ಮುಗಿದರೆ ಹೆದರಬೇಕಿಲ್ಲ, ಸ್ಟಿಕ್ಕರ್ ಬೊಟ್ಟಿನ ಶೀಟು ಪ್ರತಿ ಮನೆಯ ಕನ್ನಡಿಯ ಅಂಚಿನಲ್ಲಿದೆ. ಹಣೆಗೆ ಚಿಕ್ಕದಾಯಿತೆಂದು ಬಿಟ್ಟ ಹರಳಿನ ಬೊಟ್ಟುಗಳೆಲ್ಲ ಈಗ ಉಗುರಿಗೆ ಬಡ್ತಿ ಪಡೆದಿವೆ. ಇದಕ್ಕಿಂತ ಅಗ್ಗದ ಉಪಾಯ ನ್ಯೂಸ್‌ಪೇಪರಿನದು. ಉಗುರಿಗೆ ತಿಳಿ ಬಣ್ಣ ಹಚ್ಚಿ ಒಣಗಿಸಿ, ಪೇಪರಿನ ಚೂರನ್ನು ಸ್ಪಿರಿಟ್‌ನಲ್ಲಿ ಅದ್ದಿ ಉಗುರಿನ ಮೇಲೆ ಒತ್ತಿ ಹಿಡಿದರೆ ಅಕ್ಷರದ ಮಸಿ ಬಣ್ಣಕ್ಕೆ ಇಳಿಯುತ್ತದೆ. ಒಂದೇ ತೊಂದರೆ, ಅಕ್ಷರಗಳು ಎಡಬಲ ತಿರುಗಿ ಕೂರುತ್ತವೆ.

ಯಾವ ಸುದ್ದಿಯನ್ನು ಒತ್ತಿಕೊಳ್ಳಬೇಕೆಂದು ಹುಡುಗಿ ಕೇಳಿದಳು. ನಮ್ಮ ಕಡೆಗೆ ನೀರು ತರುವ ಎತ್ತಿನಹೊಳೆ ಯೋಜನೆಯದನ್ನು ಒತ್ತಿಕೋ ಎಂದೆ, ಯಾವ ಪೇಪರಿನಲ್ಲಾದರೂ ಸಿಗುತ್ತದೆ. 2014ರಲ್ಲಿ ಚಿಕ್ಕಬಳ್ಳಾಪುರದಲ್ಲಿ ಶಂಕುಸ್ಥಾಪನೆ, 2024ರ ಗೌರಿ ಹಬ್ಬದಂದು ಸಕಲೇಶಪುರದಲ್ಲಿ ಮೊದಲ ಹಂತದ ಉದ್ಘಾಟನೆ. ಗೌರಿಗೆ ಬಾಗಿನ ಅಲ್ಲೇ ಮುಗಿಯಿತು. ಗಂಗೆ ಈಚೆಗೆ ಬರುವುದು ಬಾಕಿ. ತಿರುಗುಮುರುಗಾಗಿ ಓದಿದರೂ ಅರ್ಥ ಕೆಡದ ಸುದ್ದಿ ಅದೊಂದೇ.

ಇಷ್ಟಾದ ಮೇಲೂ ಉಗುರು ಸೀಳಿದರೆ ಏನು ಗತಿ? ಅದಕ್ಕೂ ದೊಡ್ಡ ಊರಿನ ಪಾರ್ಲರುಗಳಲ್ಲಿ ಮದ್ದಿದೆ, ಹೆಸರು ಸಿಲ್ಕ್ ರ‍್ಯಾಪ್. ಸೀಳಿದ ಉಗುರಿನ ಮೇಲೆ ತೆಳುವಾದ ರೇಷ್ಮೆಯ ತುಂಡಿಟ್ಟು ಅಂಟು ಹಾಕಿ ಉಜ್ಜಿ ನಯ ಮಾಡುತ್ತಾರೆ. ರೇಷ್ಮೆ! ಈಗ ಅಜ್ಜಿಯ ಕಡೆ ತಿರುಗೋಣ. ಏಷ್ಯಾದ ದೊಡ್ಡ ಗೂಡು ಮಾರುಕಟ್ಟೆಗಳ ಪೈಕಿ ಒಂದು ಇರುವ ಶಿಡ್ಲಘಟ್ಟದಲ್ಲಿ ಅಜ್ಜಿ ಕೈಲಾಗುವ ತನಕ ಫಿಲೇಚರಿಗೆ ಹೋದವರು. ಬೆಂದ ಗೂಡುಗಳ ಬಿಸಿ ನೀರಿನಲ್ಲಿ ಬೆರಳಾಡಿಸಿ, ಕಣ್ಣಿಗೆ ಕಾಣದ ಎಳೆಯ ತುದಿ ಹುಡುಕಿ, ಕೂಡಿಸಿ ಎಬ್ಬಿಸುವ ಕೆಲಸ. ಎಳೆಗೆ ಅಂಟಿಕೊಂಡಿರುವ ಸೆರಿಸಿನ್ ಎಂಬ ಗೋಂದು ಹಸಿ ರೇಷ್ಮೆಯ ತೂಕದ ಸುಮಾರು ಕಾಲು ಭಾಗ. ಬಿಸಿ ನೀರಿಗೆ ಅದು ಮೆತ್ತಗಾಗಿ, ಒಂದಷ್ಟು ಬೇಸಿನ್ನಿಗೇ ಇಳಿಯುತ್ತದೆ. ಇದೇ ಸೆರಿಸಿನ್ ಅನ್ನು ಶುದ್ಧ ಮಾಡಿ ಚರ್ಮ ಮೃದುವಾಗಲು ಕ್ರೀಮುಗಳಲ್ಲಿ ಹಾಕುತ್ತಾರೆ, ಡಬ್ಬಿಯ ಮೇಲೆ ಸಿಲ್ಕ್ ಪ್ರೋಟೀನ್ ಎಂದು ಬರೆಯುತ್ತಾರೆ. ಚಹಾ ಚಮಚದಷ್ಟು ಹಚ್ಚಿಕೊಂಡವರ ಕೆನ್ನೆ ಬೆಣ್ಣೆಯಾಗುತ್ತದಂತೆ. ದಿನವಿಡೀ ಅದರಲ್ಲೇ ಮುಳುಗಿದ್ದ ಅಜ್ಜಿಯ ಕೈ ನೋಡಿ: ಬೆರಳ ತುದಿಗಳು ಸುಲಿದು, ಸೀಳಿ, ಗೆರೆಗಳೆಲ್ಲ ಅಳಿಸಿ, ಸೀಳಿನ ಗೆರೆಗಳೇ ಉಳಿದಿವೆ. ಕ್ರೀಮನ್ನು ಬಿಸಿ ನೀರಿನಲ್ಲಿ ಕಲಸಿ ಕೂಲಿಗೆ ಹಚ್ಚಿಕೊಳ್ಳಬಾರದು, ಅಷ್ಟೇ ವ್ಯತ್ಯಾಸ.

ಆ ಬೆರಳನ್ನು ಅಜ್ಜಿ ತಿಂಗಳಿಗೊಮ್ಮೆ ನ್ಯಾಯಬೆಲೆ ಅಂಗಡಿಯ ಯಂತ್ರದ ಮೇಲಿಡುತ್ತಾರೆ. ಯಂತ್ರ ಕೆಂಪಗಾಗುತ್ತದೆ. "ಒರೆಸಿ ಇಕ್ಕಮ್ಮ." ಸೆರಗಿನಲ್ಲಿ ಒರೆಸಿ ಇಕ್ಕುತ್ತಾರೆ. ಮತ್ತೆ ಕೆಂಪು. "ಇನ್ನೊಂದು ಬೆರಳು." ಅದೂ ಆಗುತ್ತದೆ. "ಆ ಕೈದು." ಹಿಂದೆ ನಿಂತ ಸಾಲು ಕೆಮ್ಮುತ್ತದೆ. ಯಾರೋ ತಲೆಗೆ ತಿಕ್ಕಿಕೋ ಅನ್ನುತ್ತಾರೆ, ಎಣ್ಣೆ ಹತ್ತಲಿ ಅಂತ. ಯಾರೋ ಊದು ಅನ್ನುತ್ತಾರೆ. ಹತ್ತೂ ಬೆರಳಿನ ಪರೀಕ್ಷೆ ಮುಗಿದ ಮೇಲೆ ಒಟಿಪಿ ಕೇಳುತ್ತಾರೆ. ಆ ನಂಬರಿನ ಫೋನು ಮಗನ ಜೇಬಿನಲ್ಲಿ ಬೆಂಗಳೂರಿನಲ್ಲಿದೆ. ದೇಶಕ್ಕೆ ಜರತಾರಿ ಸೀರೆಯ ಎಳೆ ತೆಗೆದುಕೊಟ್ಟ ಬೆರಳಿಗೆ ತಾನು ಯಾರೆಂದು ಸಾಬೀತು ಮಾಡಲು ಆಗುವುದಿಲ್ಲ. ಅಜ್ಜಿ ಇದ್ದಾರೆ, ಚೀಲ ಇದೆ, ಅಕ್ಕಿ ಇದೆ, ಹೆಬ್ಬೆಟ್ಟು ಮಾತ್ರ ಗೈರುಹಾಜರಿ.

ಬೆರಳು ಒಂದೇ, ಅದಕ್ಕೆ ಎರಡು ಬದಿ. ಉಗುರಿನ ಬದಿಯಲ್ಲಿ ಬಿರುಕು ಬಿಟ್ಟರೆ ಫೋಟೋ ತೆಗೆದು ಹಾಕುತ್ತೇವೆ, ಯಾವ ಬ್ರ್ಯಾಂಡ್ ಅಂತ ಗೆಳತಿಯರು ಕೇಳುತ್ತಾರೆ. ಅದೇ ಬೆರಳಿನ ಈಚೆ ಬದಿಯಲ್ಲಿ ಬಿರುಕು ಬಿಟ್ಟರೆ ತಿಂಗಳ ಪಡಿತರದ ಅಕ್ಕಿಗೆ ಕುತ್ತು. ಎರಡರ ನಡುವೆ ಒಂದು ಸೆಂಟಿಮೀಟರ್ ಮಾಂಸವಿದೆ. ಕಾಸು ಕೊಟ್ಟು ತಂದ ಬಿರುಕು ಅಲಂಕಾರ, ಕೂಲಿ ಮಾಡಿ ತಂದ ಬಿರುಕು ತಾಂತ್ರಿಕ ದೋಷ.

ಸರ್ಕಾರಕ್ಕೆ ಬೆರಳಿನ ಮೇಲೆ ಪ್ರೀತಿಯೇ ಇಲ್ಲವೆಂದು ಮಾತ್ರ ಯಾರೂ ದೂರಬೇಡಿ. ದೇಶದ ಅತಿ ದೊಡ್ಡ ನೈಲ್ ಆರ್ಟ್ ಅದರದ್ದೇ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರಿನಲ್ಲಿ ಶುರುವಾದ ಅರಗು ಮತ್ತು ಬಣ್ಣದ ಕಾರ್ಖಾನೆಯೇ ಇಂದಿನ ಮೈಸೂರು ಪೇಂಟ್ಸ್ ಆ್ಯಂಡ್ ವಾರ್ನಿಷ್. 1962ರ ಮಹಾಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ಅಲ್ಲಿಂದಲೇ ಬರುತ್ತದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ತಾಗಿ ಬೆಳಕು ಕಂಡೊಡನೆ ಕಪ್ಪಾಗುತ್ತದೆ. ರಿಮೂವರು, ಫಾಯಿಲು, ಫೆವಿಕಾಲ್ ಯಾವ ಉಪಾಯವೂ ನಡೆಯುವುದಿಲ್ಲ. ಉಗುರು ಬೆಳೆದು, ಕತ್ತರಿಸಿ ಹೋಗುವ ತನಕ ಕಾಯಬೇಕು. 2006ರಿಂದ ಎಡಗೈ ತೋರುಬೆರಳಿನ ಉಗುರಿನ ತುದಿಯಿಂದ ಮೊದಲ ಗೆಣ್ಣಿನ ತನಕ ಉದ್ದ ಗೆರೆಯನ್ನೇ ಎಳೆಯುತ್ತಾರೆ. ಈ ಗೆರೆ ತೋರಿಸಿದವರಿಗೆ ಬೆಂಗಳೂರಿನ ಹೋಟೆಲಿನಲ್ಲಿ ಬೆಣ್ಣೆ ದೋಸೆ ಪುಕ್ಕಟೆ ಕೊಟ್ಟದ್ದೂ ಉಂಟು. ಗ್ಲಿಟರಿಲ್ಲ, ಡೆಕಾಲಿಲ್ಲ, ಒಂದೇ ಬಣ್ಣ, ಆದರೂ ಮಂತ್ರಿಯಿಂದ ಸಿನಿಮಾ ನಟಿಯವರೆಗೆ ಎಲ್ಲರೂ ಬೆರಳೆತ್ತಿ ಫೋಟೋಗೆ ನಿಲ್ಲುತ್ತಾರೆ. ಮತದಾನದ ದಿನ ಅಜ್ಜಿಗೂ ಕೈ ಹಿಡಿದು ಮೆಟ್ಟಿಲು ಹತ್ತಿಸುವವರಿದ್ದಾರೆ, ಮನೆ ಬಾಗಿಲಿಗೆ ಆಟೋ ಬರುತ್ತದೆ.

ಹಾಗಾಗಿ ಪಾಲಿಶ್ ಕಂಪನಿಗಳಿಗೆ ನನ್ನದೊಂದು ವ್ಯಾಪಾರದ ಸಲಹೆ. ಉಗುರಿನ ಬದಿಯಲ್ಲಿ ಪೈಪೋಟಿ ಜಾಸ್ತಿಯಾಯಿತು. ಮುಂದಿನ ಮಾಲನ್ನು ಬೆರಳಿನ ಈಚೆ ಬದಿಗೆ ಮಾಡಿ. ನೀರಿನಲ್ಲಿ ಅರ್ಧ ನಿಮಿಷ ಅದ್ದಿ ಅಂಟಿಸಿಕೊಳ್ಳುವ ಹೆಬ್ಬೆಟ್ಟಿನ ಡೆಕಾಲ್: ಸುಳಿ, ಗೆರೆ ಎಲ್ಲ ಹೊಸದಾಗಿದ್ದಂತೆ, ಅವರವರ ಆಧಾರಿಗೆ ಹೊಂದುವಂತೆ. ಗಿರಾಕಿಗಳಿಗೆ ಕೊರತೆಯಿಲ್ಲ. ಫಿಲೇಚರಿನವರಿದ್ದಾರೆ, ಗಾರೆ ಕೆಲಸದವರಿದ್ದಾರೆ, ಪಾತ್ರೆ ತಿಕ್ಕುವವರಿದ್ದಾರೆ, ಕಲ್ಲು ಒಡೆಯುವವರಿದ್ದಾರೆ. ಬೆಲೆ ಮಾತ್ರ ತಿಂಗಳ ಪಡಿತರದ ಅಕ್ಕಿಗಿಂತ ಕಡಿಮೆ ಇಡಿ. ತಿಂಗಳಿಗೊಂದು ಸಾಕು. ಓಟಿನ ದಿನಕ್ಕೆ ಬೇಡ; ಅವತ್ತು ಎಂಥ ಬೆರಳಾದರೂ ನಡೆಯುತ್ತದೆ.