ಗುಮ್ಮಟ ಎರಡನೆಯ ದಿನಕ್ಕಿರಲಿ

ಬೆಳಿಗ್ಗೆ ದಾಸವಾಳ ಕೀಳಲು ಕಾಂಪೌಂಡಿನ ಹತ್ತಿರ ಹೋದರೆ ಆ ಕಡೆ ಮೇಷ್ಟ್ರು ಒಂದು ಹಾಳೆ ಹಿಡಿದು ನಿಂತಿದ್ದರು. ಬೀದಿಗೆಲ್ಲ ಅವರು ಮೇಷ್ಟ್ರು, ನನ್ನ ಬಾಯಲ್ಲಿ ಮಾತ್ರ ಮೂವತ್ತು ವರ್ಷದಿಂದ ಮಾಸ್ತರು. ಬಿಜಾಪುರದಲ್ಲಿ ಹುಟ್ಟಿ, ಮದುವೆಯಾಗಿ ಮೈಸೂರಿಗೆ ಬಂದವಳು ನಾನು. ಊರಿನ ಹೆಸರು 2014ರಲ್ಲಿ ವಿಜಯಪುರವಾಯಿತು. ನನ್ನ ನಾಲಿಗೆಯಲ್ಲಿ ಅದಿನ್ನೂ ಬಿಜಾಪುರವೇ.

“ಡಿಸೆಂಬರ್ ಮೊದಲ ವಾರ ನಿಮ್ಮೂರಿಗೆ ಹೊರಟಿದ್ದೀವಮ್ಮ. ರೈಲು ಟಿಕೆಟ್ ಆಗಿದೆ. ಇಷ್ಟು ವರ್ಷ ಪಕ್ಕದಲ್ಲೇ ಇದ್ದೀಯ, ಒಂದು ಸಲಾನೂ ನೋಡಿಲ್ಲವಲ್ಲ ಅಂತ ಇವಳು ಹಿಡಿದುಕೊಂಡಳು. ಮೊಮ್ಮಗ ಮೊಬೈಲಿನಲ್ಲಿ ಹುಡುಕಿ ಪಟ್ಟಿ ಮಾಡಿಕೊಟ್ಟಿದ್ದಾನೆ. ಸ್ವಲ್ಪ ನೋಡು” ಎಂದು ಹಾಳೆಯನ್ನು ಗೋಡೆಯ ಮೇಲಿಟ್ಟರು.

ನೋಡಿದೆ. ಹದಿನಾಲ್ಕು ಜಾಗ, ಒಂದೇ ದಿನ. ಗೋಲಗುಮ್ಮಟ ನಲವತ್ತು ನಿಮಿಷ, ಇಬ್ರಾಹಿಂ ರೋಜಾ ಇಪ್ಪತ್ತು ನಿಮಿಷ, ತಾಜ್ ಬಾವಡಿ ಐದು ನಿಮಿಷ. ನನಗೆ ಹೊಟ್ಟೆಯಲ್ಲಿ ಕಲಸಿದಂತಾಯಿತು. ಹೂವಿನ ಬುಟ್ಟಿ ಕೆಳಗಿಟ್ಟೆ.

“ಅಲ್ರೀ ಮಾಸ್ತರ, ಹಿಂಗ ಓಡಿದ್ರ ಆಟೋದಾಗ ಹತ್ತೋದು ಇಳಿಯೋದು ಅಷ್ಟ ನೆನಪಿರತದ. ಎಷ್ಟು ದಿನ ಇರ್ತೀರಿ?”

“ಎರಡು ದಿನ ಇದೆಯಮ್ಮ. ಒಂದು ದಿನ ಊರು, ಇನ್ನೊಂದು ದಿನ ಬಾದಾಮಿ ಅಂತ.”

“ಬಾದಾಮಿ ಇನ್ನೊಮ್ಮೆ ಹೋಗ್ರಿ. ಎರಡೂ ದಿನ ಬಿಜಾಪುರಕ್ಕ ಕೊಡ್ರಿ.”

ಅವರು ಕೊಟ್ಟರು. ಮೂವತ್ತು ವರ್ಷದ ನೆರೆಯ ಸಲಿಗೆ ಅದು. ಆಮೇಲೆ ನಾನು ಹೇಳಿದ ಮಾತು ಮಾತ್ರ ಅವರಿಗೆ ಒಗ್ಗಲಿಲ್ಲ. ಗೋಲಗುಮ್ಮಟವನ್ನು ಎರಡನೆಯ ದಿನಕ್ಕೆ ಇಟ್ಟುಕೊಳ್ಳಿ ಎಂದೆ.

“ಸ್ಟೇಷನ್ನಿಗೆ ಹತ್ತಿರ ಇರೋದೇ ಅದು. ಎಲ್ಲರೂ ಮೊದಲು ಅದನ್ನೇ ನೋಡ್ತಾರೆ.”

ಎಲ್ಲರೂ ಹಾಗೆಯೇ ನೋಡುತ್ತಾರೆ ಎನ್ನುವುದು ನಿಜ. ಅದಕ್ಕೇ ಗುಮ್ಮಟ ನೋಡಿದ ಮೇಲೆ ಊರಿನ ಉಳಿದದ್ದೆಲ್ಲ ಅವರ ಕಣ್ಣಿಗೆ ಸಣ್ಣದಾಗಿಬಿಡುತ್ತದೆ. ಬಿಜಾಪುರದ ಕಟ್ಟಡಗಳು ಒಂದು ಮನೆತನದವರು ಒಬ್ಬರಾದ ಮೇಲೊಬ್ಬರು ಕಟ್ಟಿದವು. ಮೊದಲನೇ ಅಲಿ ಆದಿಲ್‌ಶಾಹ, ಅವನ ತಮ್ಮನ ಮಗ ಎರಡನೇ ಇಬ್ರಾಹಿಂ, ಇಬ್ರಾಹಿಮನ ಮಗ ಮಹಮ್ಮದ್, ಮಹಮ್ಮದನ ಮಗ ಎರಡನೇ ಅಲಿ. ಈ ನಾಲ್ವರನ್ನು ವಯಸ್ಸಿನ ಪ್ರಕಾರ ನೋಡುತ್ತ ಬಂದರೆ ಊರು ತನ್ನ ಕಥೆಯನ್ನು ತಾನೇ ಹೇಳುತ್ತದೆ. ಮಗನ ಮನೆಗೆ ಮೊದಲು ನುಗ್ಗಿ, ದೊಡ್ಡಪ್ಪನನ್ನು ಆಮೇಲೆ ಮಾತಾಡಿಸಿದರೆ ಸಂಬಂಧ ತಿಳಿಯುವುದು ಹೇಗೆ?

ಮಾಸ್ತರು ಕನ್ನಡ ಕಲಿಸಿದವರು, ಕಥೆ ಎಂದರೆ ಕಿವಿ ಕೊಡುತ್ತಾರೆ. ಒಳಗಿಂದ ಪೆನ್ಸಿಲ್ ತಂದರು.

ಮೊದಲ ದಿನ ರೈಲಿಳಿದು, ಲಾಡ್ಜಿನಲ್ಲಿ ಸ್ನಾನ ಮುಗಿಸಿ, ಜುಮ್ಮಾ ಮಸೀದಿಗೆ ಹೋಗಿ ಎಂದೆ. 1565ರ ರಕ್ಕಸಗಿ ತಂಗಡಗಿ ಯುದ್ಧದ ನಂತರ ಮೊದಲನೇ ಅಲಿ ಶುರುಮಾಡಿದ ಮಸೀದಿ. ವಿಜಯನಗರದ ಸೋಲನ್ನು ಮಾಸ್ತರು ಪಾಠದಲ್ಲಿ ಎಷ್ಟು ಸಲ ಹೇಳಿದ್ದಾರೋ. ಆ ಗೆಲುವಿನ ಬಲದಲ್ಲಿ ಗೆದ್ದವರ ಊರು ಹೇಗೆ ಬೆಳೆಯಿತು ಎಂಬುದನ್ನು ಇಲ್ಲಿ ಕಣ್ಣಾರೆ ನೋಡಬಹುದು. ಊರ ಸುತ್ತಲಿನ ಕೋಟೆಗೋಡೆಯೂ ಅವನ ಕಾಲದ್ದೇ. ಮಸೀದಿಯೊಳಗೆ ಸಾಲುಕಮಾನುಗಳ ಕೆಳಗೆ ಬರಿಗಾಲಲ್ಲಿ ನಡೆಯುವಾಗ ಬರುವ ತಂಪು ನನಗೆ ಈಗಲೂ ಅಂಗಾಲಿನಲ್ಲಿದೆ. ನೆಲದ ಮೇಲೆ ಒಬ್ಬೊಬ್ಬರ ನಮಾಜಿಗೆ ಒಂದೊಂದು ಚೌಕ ಗುರುತು ಮಾಡಿದ್ದಾರೆ, ಎರಡು ಸಾವಿರಕ್ಕೂ ಹೆಚ್ಚು. ಪಶ್ಚಿಮದ ಗೋಡೆಯಲ್ಲಿ ಚಿನ್ನದ ಬಣ್ಣದ ಬರಹವಿರುವ ಮಿಹ್ರಾಬ್ ಇದೆ, ಅದನ್ನು ಅಲಂಕರಿಸಿದ್ದು ಮಹಮ್ಮದನ ಕಾಲದಲ್ಲಿ. ಶುಕ್ರವಾರ ಮಧ್ಯಾಹ್ನ ಮಾತ್ರ ಹೋಗಬೇಡಿ, ನಮಾಜಿಗೆ ಜನ ಸೇರುವ ಹೊತ್ತು ಅದು. ಗುಮ್ಮಟದ ಮುಂದಿನ ನಗಾರಖಾನೆಯಲ್ಲಿರುವ ಮ್ಯೂಸಿಯಂ ಕೂಡ ಶುಕ್ರವಾರ ಮುಚ್ಚಿರುತ್ತದೆ. ಮಾಸ್ತರು ಕ್ಯಾಲೆಂಡರ್ ನೋಡಿಬಂದರು. ಬುಧವಾರ, ಗುರುವಾರ ಬರುತ್ತಿತ್ತು. ಸರಿಹೋಯಿತು.

ಅಲ್ಲಿಂದ ಗಗನಮಹಲು. 1561ರದ್ದು, ಅಲಿಯೇ ಕಟ್ಟಿಸಿದ್ದು. ಮೇಲೆ ಮಾಡು ಉಳಿದಿಲ್ಲ, ಸುಮಾರು 20 ಮೀಟರ್ ಅಗಲದ ನಡುಗಮಾನು ಆಕಾಶಕ್ಕೆ ಬಾಯಿ ತೆರೆದು ನಿಂತಿದೆ. 1686ರಲ್ಲಿ ಔರಂಗಜೇಬ ಬಿಜಾಪುರ ಗೆದ್ದಾಗ ಕೊನೆಯ ಸುಲ್ತಾನ ಸಿಕಂದರನನ್ನು ಬೆಳ್ಳಿಯ ಸಂಕೋಲೆ ತೊಡಿಸಿ ಇಲ್ಲಿಗೇ ತಂದು ನಿಲ್ಲಿಸಿದರೆಂದು ಹೇಳುತ್ತಾರೆ. ನಾವು ಶಾಲೆಯಿಂದ ಬರುವಾಗ ಅದರ ಮುಂದೆ ಹುಣಸೆಹಣ್ಣು ಚೀಪುತ್ತ ಕೂತಿರುತ್ತಿದ್ದೆವು. ಒಂದು ರಾಜ್ಯ ಮುಗಿದ ಜಾಗದಲ್ಲಿ ಕೂತಿದ್ದೇವೆಂದು ಯಾರೂ ಹೇಳಿರಲಿಲ್ಲ.

ಅಷ್ಟರಲ್ಲಿ ಮಾಸ್ತರ ಹೆಂಡತಿ ಕಾಫಿ ಲೋಟ ಹಿಡಿದು ಬಂದರು. ನನಗೂ ಒಂದು ಗೋಡೆಯ ಮೇಲೆ ಬಂತು.

“ನನಗೆ ಮಂಡಿ ನೋವು ಕಣೇ. ಹತ್ತೋದು ಇಳಿಯೋದು ಎಲ್ಲಿ ಅಂತ ಹೇಳಿಬಿಡು, ಅಲ್ಲಿ ನಾನು ಬರಲ್ಲ.”

“ಅಕ್ಕಾರ, ನಿಮಗ ಅಂತನ ಇಬ್ರಾಹಿಂ ರೋಜಾ ಅದ. ಜಗಲಿಗೆ ಹತ್ತೋ ಮೆಟ್ಟಲ ಬಿಟ್ರ ಮತ್ತೇನಿಲ್ಲ. ಆದ್ರ ಅದಕ್ಕಿಂತ ಮೊದಲ ಮಧ್ಯಾಹ್ನ ಖಾನಾವಳಿಯೊಳಗ ಊಟ. ಬಿಸಿ ಜ್ವಾಳದ ರೊಟ್ಟಿ, ಬದನಿಕಾಯಿ ಎಣಗಾಯಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಮೊಸರು. ಉಂಡು ಒಂದು ತಾಸು ಮಲಗ್ರಿ. ಬಿಸಲಾಗ ಬಿಜಾಪುರ ತಿರಗಬ್ಯಾಡ್ರಿ.”

ಡಿಸೆಂಬರ್ ಆದ್ದರಿಂದ ಬಿಸಿಲಿನ ಮಾತು ಅಷ್ಟಕ್ಕೇ ಬಿಟ್ಟೆ. ಏಪ್ರಿಲ್, ಮೇ ಆಗಿದ್ದರೆ ಹೊರಡಲೇಬೇಡಿ ಎನ್ನುತ್ತಿದ್ದೆ. ಆಗ ನಮ್ಮೂರಲ್ಲಿ 40 ಡಿಗ್ರಿ ದಾಟುತ್ತದೆ, ಕಲ್ಲು ರಾತ್ರಿಯವರೆಗೂ ಉಸಿರುಬಿಡುತ್ತದೆ. ಜನವರಿಗೆ ಹೋಗುವವರು ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯನ್ನು ಲೆಕ್ಕಕ್ಕೆ ತೆಗೆದುಕೊಂಡು ಮೊದಲೇ ರೂಮು ಹಿಡಿದಿರಬೇಕು.

ಮಧ್ಯಾಹ್ನ ಇಳಿದ ಮೇಲೆ ತಾಜ್ ಬಾವಡಿ. ಪಟ್ಟಿಯಲ್ಲಿ ಐದು ನಿಮಿಷ ಬರೆದಿದ್ದ ಜಾಗ ಇದು. ನನ್ನ ಕೇಳಿದರೆ ಊರಿನ ಗುಟ್ಟೆಲ್ಲ ಇರುವುದು ಇಲ್ಲಿ. ನಮ್ಮದು ಮಳೆ ಕಡಿಮೆ ಬೀಳುವ ನೆಲ, ದೊಡ್ಡ ಹೊಳೆ ಯಾವುದೂ ಊರ ಹತ್ತಿರ ಇಲ್ಲ. ಇಂಥ ಕಡೆ ಒಂದು ರಾಜಧಾನಿಯನ್ನು ಸಾಕಬೇಕಾದರೆ ಎಷ್ಟು ನೀರು ಬೇಕಾಗಿರಬೇಕು! ತೊರವೆಯ ಕಡೆಯಿಂದ ನೆಲದೊಳಗೆ ಸುರಂಗ ತೋಡಿ ನೀರು ತಂದರು. ಮಹಮ್ಮದ 1651ರಲ್ಲಿ ಬೇಗಂ ತಲಾಬ್ ಕಟ್ಟಿಸಿ ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ಹರಿಸಿದ. ದಾರಿಯಲ್ಲಿ ನೀರಿನ ಒತ್ತಡ ತಗ್ಗಿಸಲು ಕಲ್ಲಿನ ಗೋಪುರಗಳನ್ನು ಎಬ್ಬಿಸಿದರು. ಇಂದಿಗೂ ಊರಲ್ಲಿ ಅಲ್ಲಲ್ಲಿ ಅವು ನಿಂತಿವೆ. ಪ್ರವಾಸಿಗಳು ಅವನ್ನು ಮುರಿದ ಮಿನಾರುಗಳೆಂದುಕೊಂಡು ಮುಂದೆ ಹೋಗುತ್ತಾರೆ. ತಾಜ್ ಬಾವಡಿಯನ್ನು 1620ರಲ್ಲಿ ಇಬ್ರಾಹಿಮನ ರಾಣಿ ತಾಜ್ ಸುಲ್ತಾನಾಳ ಗೌರವಕ್ಕೆ ಕಟ್ಟಿಸಿದ್ದು. ಎರಡು ಬುರುಜುಗಳ ನಡುವಿನ ದೊಡ್ಡ ಕಮಾನಿನ ಕೆಳಗೆ ಮೆಟ್ಟಿಲು ಇಳಿದರೆ ಎದುರಿಗೆ ಕೆರೆಯಷ್ಟು ವಿಶಾಲವಾದ ಬಾವಿ. ನಾನು ಹುಡುಗಿಯಾಗಿದ್ದಾಗ ಆ ನೀರಿನ ಮೇಲೆ ಕಸ ತೇಲುತ್ತಿತ್ತು, ಮೂಗು ಮುಚ್ಚಿಕೊಂಡು ದಾಟುತ್ತಿದ್ದೆವು. ಕೆಲವು ವರ್ಷಗಳ ಹಿಂದೆ ಊರಿನ ಬಾವಡಿಗಳ ಹೂಳೆತ್ತಿಸಿದರು. ಆಮೇಲೊಮ್ಮೆ ತವರಿಗೆ ಹೋದಾಗ ಆ ಕಮಾನಿನ ನೆರಳು ನೀರಲ್ಲಿ ಬಿದ್ದದ್ದನ್ನು ನೋಡಿ ಅಲ್ಲೇ ಅತ್ತಿದ್ದೇನೆ. ಅರ್ಧ ಗಂಟೆಯಾದರೂ ಮೆಟ್ಟಿಲ ಮೇಲೆ ಕೂತುಬನ್ನಿ ಎಂದು ಮಾಸ್ತರ ಹತ್ತಿರ ಮಾತು ತೆಗೆದುಕೊಂಡೆ.

ಊರಿನ ಪಶ್ಚಿಮದ ದಿಕ್ಕಿಗೆ ಕೋಟೆಗೋಡೆಯ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪು. ತೂಕ ಸುಮಾರು 55 ಟನ್. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು. ಬಾಯಿ ಸಿಂಹದ ಮುಖ, ಹಲ್ಲುಗಳ ನಡುವೆ ಆನೆ ಸಿಕ್ಕಿಕೊಂಡಿದೆ. 1854ರಲ್ಲಿ ಹರಾಜು ಹಾಕಿದಾಗ 150 ರೂಪಾಯಿಗೆ ಕೂಗಿದ್ದರಂತೆ, ಪುಣ್ಯಕ್ಕೆ ಮಾರಾಟ ನಿಂತಿತು. ಹತ್ತು ನಿಮಿಷ ಸಾಕು ಇದಕ್ಕೆ. ಉಪಲಿ ಬುರುಜಿಗೆ ಹೊರಗಡೆಯಿಂದ ಸುತ್ತು ಮೆಟ್ಟಿಲು, ಅಕ್ಕನವರಿಗೆ ಬೇಡ ಎಂದು ಹೊಡೆದುಹಾಕಿಸಿದೆ.

ಸಂಜೆಯ ಬಿಸಿಲು ಹಳದಿಯಾಗುವ ಹೊತ್ತಿಗೆ ಇಬ್ರಾಹಿಂ ರೋಜಾ. ಒಂದೇ ಜಗಲಿಯ ಮೇಲೆ ಒಂದು ಕಡೆ ಗೋರಿ, ಎದುರಿಗೆ ಮಸೀದಿ, ನಡುವೆ ಕೊಳ. ಮಸೀದಿಯ ಚಾಚಿನಿಂದ ಕಲ್ಲಿನ ಸರಪಣಿ ತೂಗುತ್ತದೆ, ಉಂಗುರ ಉಂಗುರವನ್ನೂ ಕಲ್ಲಲ್ಲೇ ಬಿಡಿಸಿದ್ದು. ಕಿಟಕಿಗಳಲ್ಲಿ ಕಲ್ಲನ್ನು ಅಕ್ಷರದ ಆಕಾರಕ್ಕೆ ಕೊರೆದು ಜಾಲಂಧ್ರ ಮಾಡಿದ್ದಾರೆ, ಬೆಳಕು ಅಕ್ಷರಗಳ ಸಂದಿಯಿಂದ ಒಳಗೆ ಬರುತ್ತದೆ. ಇದನ್ನು ಕಟ್ಟುವ ಕೆಲಸ ನೋಡಿಕೊಂಡದ್ದು ಮಲಿಕ್ ಸಂದಲ್. ರಾಣಿಗಾಗಿ ಶುರುವಾದ ಗೋರಿಯಲ್ಲಿ ರಾಜನೂ ಮಲಗಿದ. ಈ ಇಬ್ರಾಹಿಮನ ವಿಷಯ ಬಂದಾಗ ನನಗೆ ಮಾತು ನಿಲ್ಲುವುದಿಲ್ಲ. ಸಂಗೀತವೇ ಉಸಿರಾಗಿದ್ದ ರಾಜ. ‘ಕಿತಾಬ್-ಎ-ನವ್‌ರಸ್’ ಎಂಬ ಹಾಡುಗಳ ಹೊತ್ತಗೆಯನ್ನು ದಖ್ಖನಿಯಲ್ಲಿ ಬರೆದ, ಆರಂಭದಲ್ಲೇ ಸರಸ್ವತಿಯನ್ನು ಸ್ತುತಿಸಿದ. ಜನ ಅವನನ್ನು ಜಗದ್ಗುರು ಎಂದು ಕರೆದರು.

“ಸರಸ್ವತಿಯನ್ನೇ?” ಎಂದರು ಮಾಸ್ತರು.

“ಸರಸ್ವತಿನ್ನ ರೀ. ಹಿಂಗಾಗಿನ ಮೊದಲ ದಿನ ಅವನ ಮನಿ ನೋಡ್ರಿ ಅಂತೀನಿ. ಅದನ್ನ ಕಣ್ಣಾಗ ತುಂಬಿಕೊಂಡು ಮಲಗ್ರಿ. ಮರುದಿನ ಮುಂಜಾನೆ ಮಗನ ಹತ್ರ ಹೋಗ್ರಿ.”

ಮಹಮ್ಮದ ಹತ್ತಿರ ಹತ್ತಿರ ಮೂವತ್ತು ವರ್ಷ ಆಳಿದ, 1627ರಿಂದ 1656ರವರೆಗೆ. ಅಪ್ಪನ ರೋಜಾದ ಕುಸುರಿಯನ್ನು ಮೀರಲು ಯಾರಿಂದಲೂ ಆಗದು ಎಂದು ಅವನಿಗೆ ಗೊತ್ತಿತ್ತೆಂದು ನನಗನ್ನಿಸುತ್ತದೆ. ಅದಕ್ಕೇ ಅವನು ಕುಸುರಿಯನ್ನು ಬಿಟ್ಟು ಗಾತ್ರವನ್ನು ಹಿಡಿದ. ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್. ನಡುವೆ ಒಂದು ಕಂಬವಿಲ್ಲ. ಚೌಕದ ಕೋಣೆಯ ಮೇಲೆ ದುಂಡನೆಯ ಗುಮ್ಮಟ ಕೂರಿಸುವುದು ಹೇಗೆ? ಒಂದನ್ನೊಂದು ಅಡ್ಡಹಾಯುವ ಎಂಟು ಕಮಾನುಗಳನ್ನು ಎಬ್ಬಿಸಿ, ಚೌಕವನ್ನು ನಕ್ಷತ್ರವಾಗಿಸಿ, ನಕ್ಷತ್ರವನ್ನು ವೃತ್ತವಾಗಿಸಿದರು. ಕತ್ತೆತ್ತಿ ಆ ಕಮಾನುಗಳನ್ನು ಒಂದೊಂದಾಗಿ ಹಿಂಬಾಲಿಸಿ ನೋಡಬೇಕು. ಅಕ್ಕನವರು ಕೆಳಗೇ ಕೂತು ಇದನ್ನು ನೋಡಬಹುದು, ಮೇಲೆ ಹತ್ತಿದವರಿಗೆ ಇದು ಇಷ್ಟು ಚೆನ್ನಾಗಿ ಕಾಣುವುದಿಲ್ಲ. ನಡುವಿನ ಕಟ್ಟೆಯ ಮೇಲಿರುವುದು ಗೋರಿಯ ಗುರುತು ಮಾತ್ರ, ನಿಜವಾದ ಸಮಾಧಿಗಳು ನೆಲಮಾಳಿಗೆಯಲ್ಲಿವೆ.

ಮಾಸ್ತರು ಮಾತ್ರ ಹತ್ತಬೇಕು. ಮೂಲೆಯ ಏಳು ಅಂತಸ್ತಿನ ಬುರುಜಿನೊಳಗೆ ಇಕ್ಕಟ್ಟಾದ ಸುತ್ತು ಮೆಟ್ಟಿಲು. ಮೇಲೆ ಗುಮ್ಮಟದ ಬುಡದಲ್ಲಿ ಓಣಿಯಂಥ ಪಿಸುಮಾತಿನ ಗ್ಯಾಲರಿ. ಈ ಕಡೆ ಗೋಡೆಗೆ ಬಾಯಿಟ್ಟು ಮೆಲ್ಲಗೆ ಹೇಳಿದ್ದು ಆ ಕಡೆಯವರ ಕಿವಿಯಲ್ಲಿ ಬೀಳುತ್ತದೆ, ಚಪ್ಪಾಳೆ ತಟ್ಟಿದರೆ ಏಳೆಂಟು ಸಲ ಮರುದನಿಯಾಗುತ್ತದೆ. ಇದಕ್ಕೆ ನಿಶ್ಶಬ್ದ ಬೇಕು. ಡಿಸೆಂಬರಿನಲ್ಲಿ ಶಾಲೆ ಮಕ್ಕಳ ಪ್ರವಾಸದ ಬಸ್ಸುಗಳು ಸಾಲುಗಟ್ಟುತ್ತವೆ, ಒಂಬತ್ತು ಗಂಟೆಯ ನಂತರ ಮೇಲೆ ಬರೀ ಕೂಗು. ಮಕ್ಕಳನ್ನು ನಾನು ದೂರುವುದಿಲ್ಲ, ನಾನೂ ಅಲ್ಲಿ ನಿಂತು ನನ್ನ ಹೆಸರು ಕೂಗಿದವಳೇ. ಆದರೆ ಮಾಸ್ತರು ಬೆಳಗಿನ ಜಾವಕ್ಕೇ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಬೇಕು. ಆಗ ಪಾರಿವಾಳದ ರೆಕ್ಕೆ ಬಡಿತವೂ ಗುಮ್ಮಟದ ಸುತ್ತ ಓಡಾಡುತ್ತದೆ.

“ಒಬ್ಬನೇ ಹತ್ತಿದರೆ ಆ ಕಡೆ ಯಾರಿರ್ತಾರಮ್ಮ ನನ್ನ ಮಾತು ಕೇಳೋಕೆ?”

“ಯಾರರ ಇರ್ತಾರ ರೀ. ಗುರುತಿಲ್ಲದವ್ರ ಜೋಡಿ ಮಾತಾಡಸೋ ಜಾಗಾನ ಅದು.”

ಅಲ್ಲಿಂದಿಳಿದು ಇಬ್ರಾಹಿಮನ ಮೊಮ್ಮಗ ಎರಡನೇ ಅಲಿಯ ಬಾರಾಕಮಾನ್. ಅಪ್ಪನ ಗುಮ್ಮಟವನ್ನು ಮೀರಿಸಲು ಹೊರಟ ಗೋರಿ, ಅವನು 1672ರಲ್ಲಿ ತೀರಿಕೊಂಡಾಗ ಕೆಲಸ ನಿಂತೇಹೋಯಿತು. ಮಾಡಿಲ್ಲದ ಕಮಾನುಗಳ ನಡುವೆ ಹುಲ್ಲು, ಗಾಳಿ. ರೋಜಾ, ಗುಮ್ಮಟ, ಬಾರಾಕಮಾನ್ ಈ ಮೂರನ್ನು ಇದೇ ಕ್ರಮದಲ್ಲಿ ನೋಡಿದವರಿಗೆ ಆ ಅರ್ಧಕ್ಕೆ ನಿಂತ ಕಲ್ಲುಗಳು ಏನು ಹೇಳುತ್ತವೆ ಎಂದು ನಾನು ವಿವರಿಸಬೇಕಾಗಿಲ್ಲ. ಕ್ರಮ ತಪ್ಪಿಸಿ ನೋಡಿದರೆ ಅದೊಂದು ಫೋಟೋ ತೆಗೆಯುವ ಪಾಳು ಅಷ್ಟೆ.

ಇಷ್ಟಾದ ಮೇಲೆ ಹಾಳೆಯನ್ನು ಇನ್ನೊಮ್ಮೆ ನೋಡಿದೆ. ಹದಿನಾಲ್ಕರಲ್ಲಿ ಎಂಟು ಉಳಿದಿತ್ತು. ಆದರೆ ಒಂದು ಹೆಸರು ಮೊದಲಿಂದಲೂ ಇರಲೇ ಇಲ್ಲ.

“ಮಾಸ್ತರ, ತೊರವಿ ಎಲ್ಲಿ?”

“ಯಾವ ತೊರವೆ?”

“ನೀವು ಕ್ಲಾಸಿನ್ಯಾಗ ಹೇಳತಿದ್ರಲ್ಲ, ತೊರವೆ ರಾಮಾಯಣ, ಕುಮಾರ ವಾಲ್ಮೀಕಿ. ಅದ ತೊರವಿ. ಊರಿಂದ ಐದಾರು ಕಿಲೋಮೀಟರ್ ಪಶ್ಚಿಮಕ್ಕ. ಲಕ್ಷ್ಮೀನರಸಿಂಹನ ಗುಡಿ ಅದ, ಅವನ ಅಂಕಿತದಾಗನ ಬರದ್ರಲ್ಲ.”

ಅವರು ಪೆನ್ಸಿಲ್ ಕೆಳಗಿಟ್ಟರು. ಮೂವತ್ತಾರು ವರ್ಷ ಪಾಠ ಮಾಡಿದ ಕಾವ್ಯದ ಊರು ಒಂದು ಆಟೋ ದೂರದಲ್ಲಿದೆಯೆಂದು ತಮಗೆ ಹೊಳೆದೇ ಇರಲಿಲ್ಲ ಎಂದರು. ತೊರವೆಯೆಂದರೆ ಪುಸ್ತಕದ ಹೆಸರಾಗಿಯೇ ಮನಸ್ಸಿನಲ್ಲಿ ಕೂತುಬಿಟ್ಟಿತ್ತಂತೆ. ಅದೇ ತೊರವೆಯ ಮಗ್ಗುಲಲ್ಲಿ ಇಬ್ರಾಹಿಂ 1599ರಲ್ಲಿ ನವ್‌ರಸಪುರ ಎಂಬ ಹೊಸ ಊರು ಕಟ್ಟಲು ತೊಡಗಿದ್ದ. 1624ರಲ್ಲಿ ಅಹಮದ್‌ನಗರದ ಸೇನಾನಿ ಮಲಿಕ್ ಅಂಬರ್ ಅದನ್ನು ಹಾಳುಗೆಡವಿದ. ಸಂಗೀತ ಮಹಲಿನ ಗೋಡೆಗಳು ಇನ್ನೂ ಇವೆ. ಕನ್ನಡ ರಾಮಾಯಣ ಹುಟ್ಟಿದ ಊರೂ ಸರಸ್ವತಿಯನ್ನು ಹಾಡಿದ ಸುಲ್ತಾನನ ಊರೂ ಒಂದರ ಪಕ್ಕ ಒಂದು, ನಾವೀಗ ನಿಂತಿರುವ ಎರಡು ಮನೆಗಳ ಹಾಗೆ. ಬಿಜಾಪುರದವರಾದ ನಾವೇ ಇದನ್ನು ಬಂದವರಿಗೆ ತೋರಿಸುವುದಿಲ್ಲ, ಗುಮ್ಮಟದ ಹತ್ತಿರ ಬಿಟ್ಟು ಕೈತೊಳೆದುಕೊಳ್ಳುತ್ತೇವೆ. ಅದು ನನಗೆ ನೋವು.

ಎರಡನೆಯ ದಿನದ ಮಧ್ಯಾಹ್ನವನ್ನು ಪೂರ್ತಿ ತೊರವೆಗೆ ಬರೆದುಕೊಂಡರು. ಬೇರೆ ಏನನ್ನೂ ಅದಕ್ಕೆ ಸೇರಿಸಬಾರದೆಂದು ಕೆಳಗೆ ಎರಡು ಗೆರೆ ಎಳೆದರು.

“ರೈಲಿನಲ್ಲಿ ರಾತ್ರಿ ಚೆನ್ನಾಗಿ ನಿದ್ದೆ ಮಾಡಿಬಿಡ್ತೀವಿ, ಬೆಳಿಗ್ಗೆ ಊರು ಬಂದಾಗ ಎದ್ದರಾಯಿತಲ್ಲ?” ಎಂದು ಕೇಳಿದರು ಅಕ್ಕ.

“ಇಲ್ಲ ಅಕ್ಕಾರ, ಬಾಗಲಕೋಟಿ ಬರೂದ್ರಾಗ ಏಳ್ರಿ. ಆಲಮಟ್ಟಿ ಹತ್ರ ಕೃಷ್ಣಾ ಹೊಳಿ ದಾಟತದ, ಅದನ್ನ ನೋಡಬೇಕು. ಆಮ್ಯಾಲ ಕಿಡಕಿ ಬಿಡಬ್ಯಾಡ್ರಿ. ಬಯಲು ನೋಡಕೋತ ಕೂತಿರ್ರಿ, ಜ್ವಾಳದ ಹೊಲಾ ದಾಟಿ ದೂರದಾಗ ದುಂಡಗ ಒಂದು ಕಾಣಸತದ.”

ಕಾಫಿ ಲೋಟ ತೊಳೆದು ಗೋಡೆಯ ಮೇಲಿಟ್ಟೆ. ಮಾಸ್ತರು ಆಗಲೇ ಒಳಗೆ ಹೋಗಿದ್ದರು. ಅಟ್ಟದ ಮೇಲಿನ ಟ್ರಂಕು ಎಳೆಯುವ ಸದ್ದು ಕೇಳಿಸಿತು, ಹಿಂದೆಯೇ ತೊರವೆ ರಾಮಾಯಣ ಯಾವ ಗಂಟಿನಲ್ಲಿದೆಯೆಂದು ಹೆಂಡತಿಯನ್ನು ಕೂಗಿ ಕೇಳುತ್ತಿದ್ದ ಅವರ ದನಿ.