ಏನೂ ಮಾಡೂದಿಲ್ಲ ಬರ್ರಿ!

ಈ ಸಾವಕಾರ್ರು ನಿಪ್ಪಾಣಿಯಲ್ಲೂ ಇದ್ದಾರೆ, ರಾಯಬಾಗದಲ್ಲೂ ಇದ್ದಾರೆ. ಅಥಣಿ, ಕಾಗವಾಡದಲ್ಲಿ ಹುಡುಕಿದರೆ ಓಣಿಗೊಬ್ಬರು ಸಿಕ್ಕಾರು. ನಮ್ಮ ಪಾಲಿಗೆ ಬಂದವರು ಚಿಕ್ಕೋಡಿಯ ಹೊರಗಿನ ಎನ್.ಎ. ಪ್ಲಾಟಿನವರು. ಬೆಳಕು ಹರಿಯುವ ಮುಂಚೆಯೇ ಬರ್ಮುಡಾ ತೊಟ್ಟು, ತಲೆಗೆ ಮಫ್ಲರ್ ಸುತ್ತಿ ಹೊರಬೀಳುತ್ತಾರೆ. ಕೊರಳಲ್ಲಿ ನಾಯಿಯ ಚೈನು. ಹೌದು, ಸಾವಕಾರ್ರ ಕೊರಳಲ್ಲೇ. ಟೈಗರ್ ಮಾತ್ರ ಬಿಡುಬೀಸಾಗಿ ಓಣಿಯ ಆ ತುದಿ ಮುಟ್ಟಿರುತ್ತದೆ.

ನಮ್ಮ ಲೇಔಟಿನ ನಕಾಶೆಯಲ್ಲಿ ಉದ್ಯಾನಕ್ಕೆಂದು ಹಸಿರು ಬಳಿದ ಒಂದು ತುಂಡು ಜಾಗವಿದೆ. ಹಸಿರು ನಕಾಶೆಯಲ್ಲೇ ಉಳಿಯಿತು, ಜಾಗದಲ್ಲಿ ಬೆಳೆದದ್ದು ಕಾಂಗ್ರೆಸ್ ಕಸ. ಹುಡುಗರು ಅದನ್ನೇ ಕಿತ್ತು ಪಿಚ್ ಮಾಡಿಕೊಂಡರು. ಹೆಂಗಸರು ಸುತ್ತಲೂ ನಡೆದು ನಡೆದು ಕಾಲುದಾರಿ ಮೂಡಿಸಿದರು. ಇಷ್ಟು ಹದವಾದ ಮೇಲೆ ಸಾವಕಾರ್ರು ಬಂದು ನಾಯಿ ಬಿಟ್ಟರು. ಅವರನ್ನು ನೋಡಿ ಗುತ್ತಿಗೆದಾರರು ತಮ್ಮ ಜರ್ಮನ್ ಶೆಫರ್ಡ್ ಬಿಟ್ಟರು. ಈಗ ಪಿಚ್ಚಿನ ಮೇಲೆ ಏನೇನು ಬಿದ್ದಿರುತ್ತದೆಂದು ಬಗ್ಗಿ ನೋಡಿಯೇ ಹುಡುಗರು ಟಾಸ್ ಹಾಕುವುದು. ಬಾಗಿಲ ಮುಂದೆ ಬಿಟ್ಟ ಅಥಣಿ ಮೆಟ್ಟುಗಳಲ್ಲಿ ಒಂದೊಂದೇ ಉಳಿಯುತ್ತಿದೆ. ಅಸಲಿ ಚರ್ಮದ ಮಾಲೆಂಬುದಕ್ಕೆ ಟೈಗರನಿಗಿಂತ ದೊಡ್ಡ ಸಾಕ್ಷಿ ಬೇಡ.

ಟೈಗರ್ ಮುಧೋಳ ತಳಿ. ಇಷ್ಟು ಬಾಯಿಬಿಟ್ಟರೆ ಸಾಕು, ಸಾವಕಾರ್ರ ಕಥೆ ಶುರು. ‘ಮುಧೋಳದ ಮಾಲೋಜಿರಾವ್ ಘೋರ್ಪಡೆ ಮಹಾರಾಜರು ಐದನೇ ಜಾರ್ಜ್ ದೊರಿಗೆ ಇದನ್ನ ಕಾಣಿಕಿ ಕೊಟ್ಟಿದ್ರು. ಇವನಪ್ಪನ ಅಪ್ಪನ ಅಪ್ಪ ಲಂಡನ್ ನೋಡ್ಯಾನ್ರಿ!’ ನಾವು ಬೆಂಗಳೂರನ್ನೇ ಸರಿಯಾಗಿ ನೋಡದವರು, ಏನು ಮಾತಾಡುವುದು? 2005ರಲ್ಲಿ ಅಂಚೆ ಇಲಾಖೆ ಈ ತಳಿಯ ಚಿತ್ರವಿರುವ ಅಂಚೆಚೀಟಿ ತಂದದ್ದನ್ನೂ ಅವರೇ ಹೇಳಬೇಕು. ಅಲ್ಲಿ ಚೀಟಿಯ ಮೇಲಿದ್ದ ನಾಯಿ ನಮ್ಮ ಓಣಿಯಲ್ಲಿ ಅಂಚೆಯವನ ಬೆನ್ನ ಮೇಲಿರುತ್ತದೆ. ಅವನು ಈಗ ಪತ್ರಗಳನ್ನೆಲ್ಲ ಮೂಲೆಯ ಕಿರಾಣಿ ಅಂಗಡಿಯಲ್ಲೇ ಕೊಟ್ಟು ಹೋಗುತ್ತಾನೆ.

ನಾಯಿಯದೂ ತಪ್ಪಿಲ್ಲವೆನ್ನಿ. ಮೂಸುವುದಕ್ಕಿಂತ ಹೆಚ್ಚಾಗಿ ಕಣ್ಣಿನಿಂದ ಬೇಟೆ ಹಿಡಿಯುವ ಜಾತಿ ಅದು. ಮೊಲದ ಬೆನ್ನು ಹತ್ತಲೆಂದೇ ಸಾಕಿ ಬೆಳೆಸಿದ್ದು. ಓಡುವುದು ಕಂಡರೆ ತಾನೂ ಓಡುತ್ತದೆ. ಚಿಕ್ಕೋಡಿಯ ಪ್ಲಾಟಿನಲ್ಲಿ ಮೊಲ ಎಲ್ಲಿಂದ ಬರಬೇಕು? ಹಾಲಿನವನ ಮೊಪೆಡ್ಡು, ಬೌಂಡರಿಗೆ ಹೋದ ಚೆಂಡು, ಬಿ.ಪಿ. ಇಳಿಸಲು ಬಿರಬಿರನೆ ನಡೆಯುವ ನಿವೃತ್ತ ಮಾಸ್ತರರು, ಇದ್ದುದರಲ್ಲಿ ಅದು ಸುಧಾರಿಸಿಕೊಳ್ಳುತ್ತದೆ.

ಕರೆಯುವುದು ಕನ್ನಡದಲ್ಲಿ, ಬೈಯುವುದು ಮರಾಠಿಯಲ್ಲಿ, ಆಜ್ಞೆ ಇಂಗ್ಲಿಷಿನಲ್ಲಿ. ‘ಬಾರೋ ಮಗನ! ಇಕಡೇ ಯೇ! ಟೈಗರ್, ನೋ! ಸಿಟ್!’ ಸೀಮಾಭಾಗದ ನಾಯಿಗೆ ಮೂರೂ ಭಾಷೆ ತಿಳಿಯುತ್ತವೆ, ಕೇಳುವುದು ಯಾವುದನ್ನೂ ಇಲ್ಲ. ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟರೂ ನಮ್ಮ ಗಡಿ ತಂಟೆ ಸುಪ್ರೀಂ ಕೋರ್ಟಿನ ತನಕ ಹೋಯಿತು. ಟೈಗರ್ ಮಾತ್ರ ತನ್ನ ಗಡಿಯನ್ನು ದಿನಾ ಬೆಳಿಗ್ಗೆ ನಮ್ಮ ಬೈಕುಗಳ ಟೈರಿಗೆ ಕಾಲೆತ್ತಿ ಇತ್ಯರ್ಥ ಮಾಡಿಕೊಳ್ಳುತ್ತದೆ.

ದೂರಿದರೆ ಸಾವಕಾರ್ರದು ಒಂದೇ ಮಂತ್ರ: ‘ಅದು ಏನೂ ಮಾಡೂದಿಲ್ಲ ಬರ್ರಿ!’ ಟೈಗರ್ ನಿಮ್ಮ ಎದೆಯ ಮೇಲೆ ಎರಡೂ ಕಾಲಿಟ್ಟು ನಿಂತಾಗಲೂ ಅದೇ ಮಾತು. ‘ಬೆಂಗಳೂರಾಗ ಕಬ್ಬನ್ ಪಾರ್ಕಿನ್ಯಾಗ ನಾಯಿಗೇ ಒಂದು ಪಾರ್ಕ್ ಮಾಡ್ಯಾರ, ಗೊತ್ತೇನ್ರಿ ನಿಮಗ?’ ಗೊತ್ತು. ಅದಕ್ಕೆ ಬೇಲಿಯಿದೆ ಎಂದರೆ, ‘ನಮ್ಮಲ್ಲೂ ಬೇಲಿ ಹಾಕಸ್ರಿ, ಬ್ಯಾಡ ಅಂದವ್ರ ಯಾರು?’ ಅಂತ ನಮಗೇ ಕೆಲಸ ಹಚ್ಚುತ್ತಾರೆ. ಸಂಬಂಧಪಟ್ಟ ಕಚೇರಿಗೆ ಅರ್ಜಿ ಕೊಟ್ಟೆವು. ಅವರೂ ಏನೂ ಮಾಡೂದಿಲ್ಲ.

ಕೊನೆಗೆ ಮಾಸ್ತರರ ಮೀನಖಂಡಕ್ಕೆ ಬಾಯಿ ಬಿತ್ತು. ಆಗ ನೋಡಬೇಕಿತ್ತು ಸಾವಕಾರ್ರನ್ನು. ತಮ್ಮ ಕಾರಿನಲ್ಲೇ ಸರಕಾರಿ ದವಾಖಾನೆಗೆ ಕರೆದೊಯ್ದರು, ಕಣ್ಣಲ್ಲಿ ನೀರು ತಂದುಕೊಂಡರು, ಎರಡನೇ ಸೂಜಿಗೂ ಮೂರನೆಯದಕ್ಕೂ ತಾವೇ ಬಾಗಿಲಿಗೆ ಬಂದು ಹಾರನ್ ಹೊಡೆದರು. ಮನುಷ್ಯ ಕೆಟ್ಟವನಲ್ಲ, ಅದೇ ನಮ್ಮ ಕಷ್ಟ. ದಾರಿಯುದ್ದಕ್ಕೂ ಹೇಳಿದ್ದು ಮಾತ್ರ ಇಷ್ಟೇ: ‘ನೀವು ಓಡಬಾರದಿತ್ರಿ ಸರ. ಓಡಿದ್ರ ಅದಕ್ಕ ಆಟ ಅನಸ್ತೈತಿ.’

ಮಾಸ್ತರರು ಓದಿಕೊಂಡವರು. ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮು ತೆಗೆದು ತೋರಿಸಿದರು: ಸಾಕಿದ ಪ್ರಾಣಿಯಿಂದ ಜನರಿಗೆ ಅಪಾಯವಾಗದಂತೆ ನೋಡಿಕೊಳ್ಳದೆ ಅಲಕ್ಷ್ಯ ಮಾಡಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸಾವಕಾರ್ರು ಕನ್ನಡಕ ಏರಿಸಿ ಪೂರ್ತಿ ಓದಿದರು. ‘ಕಲಮು ಬರೋಬ್ಬರಿ ಐತ್ರಿ. ಆದ್ರ ಇದು ಕಚ್ಚೂ ನಾಯಿಗೆ. ನಮ್ಮದು ಕಚ್ಚೂದಿಲ್ಲಲ್ಲ!’

ಆದ್ದರಿಂದ ಓದುಗರಲ್ಲಿ ಒಂದು ಅರಿಕೆ. ನಿಮ್ಮೂರಿನ ಸಾವಕಾರ್ರ ನಾಯಿ ಬಾಯಿ ಹಾಕಿದರೆ ಸುಣ್ಣ, ಖಾರದಪುಡಿ ಮೆತ್ತಬೇಡಿ. ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು, ಅವತ್ತೇ ದವಾಖಾನೆಗೆ ಹೋಗಿ ರೇಬಿಸ್ ಲಸಿಕೆ ಹಾಕಿಸಿಕೊಳ್ಳಿ. ಡಾಕ್ಟರು ಹೇಳಿದ ಒಂದು ಸೂಜಿಯನ್ನೂ ತಪ್ಪಿಸಬೇಡಿ. ಸಾವಕಾರ್ರ ಜೊತೆ ವಾದ ಆಮೇಲೆ ಮಾಡಿದರಾಯಿತು. ಅವರು ನಾಳೆ ಬೆಳಿಗ್ಗೆಯೂ ಅಲ್ಲೇ ಸಿಗುತ್ತಾರೆ.