ದ್ವೀಪಕ್ಕೆ ಹೋಗುವ ಮುನ್ನ ಅಕ್ಕನ ಮನೆ

ದೆಹಲಿಯ ಓಖ್ಲಾದಲ್ಲಿ ಕೂತು ಕಡಲ ಪ್ರವಾಸಕ್ಕೆ ಯೋಜನೆ ಹಾಕುವುದರಲ್ಲಿ ಒಂದು ಅನುಕೂಲವಿದೆ. ಯಾವ ಸಮುದ್ರವೂ ಹತ್ತಿರವಿಲ್ಲವಾದ್ದರಿಂದ ಯಾವುದೂ ದೂರ ಅನ್ನಿಸುವುದಿಲ್ಲ. ನಮ್ಮ ಊಟದ ಮೇಜಿನ ಮೇಲೆ ಅಂಡಮಾನ್, ಲಕ್ಷದ್ವೀಪ, ಮಲ್ಪೆ, ಮುರ್ಡೇಶ್ವರ ಎಲ್ಲವೂ ಉಪ್ಪಿನಕಾಯಿ ಜಾಡಿಯ ಆಚೀಚೆ ಹರಡಿಕೊಂಡಿವೆ. ರಾತ್ರಿ ಚಪಾತಿ ಮುಗಿಯುವುದರೊಳಗೆ ನಾವು ಎರಡು ದ್ವೀಪ ನೋಡಿ ಬಂದಿರುತ್ತೇವೆ.

ಹಾಗಂತ ಓಖ್ಲಾ ನೀರಿಲ್ಲದ ಊರೇನಲ್ಲ. ಯಮುನೆ ಇದೆ, ಅದಕ್ಕೆ ಅಡ್ಡವಾಗಿ ಬ್ಯಾರೇಜ್ ಇದೆ, 1874ರಿಂದ ಆಗ್ರಾ ಕಾಲುವೆ ಹೊರಡುವುದು ಇಲ್ಲಿಂದಲೇ. ಮೆಟ್ರೋದ ಮೆಜೆಂಟಾ ಲೈನಿನಲ್ಲಿ ಓಖ್ಲಾ ಪಕ್ಷಿಧಾಮ ಅಂತಲೇ ಒಂದು ಸ್ಟೇಷನ್ನು. ಚಳಿಗಾಲಕ್ಕೆ ಎಲ್ಲೆಲ್ಲಿಂದಲೋ ಬಾತುಗಳು ವೀಸಾ ಇಲ್ಲದೆ, ವೇಟಿಂಗ್ ಲಿಸ್ಟ್ ಇಲ್ಲದೆ, ಆಫೀಸಿಗೆ ರಜಾ ಅರ್ಜಿ ಕೊಡದೆ ಬಂದಿಳಿಯುತ್ತವೆ. ಅಕ್ಟೋಬರ್, ನವೆಂಬರ್ ಹೊತ್ತಿಗೆ ಕಾಳಿಂದಿ ಕುಂಜದ ಬಳಿ ನೊರೆಯೂ ಏಳುತ್ತದೆ. ಮಹಾನಗರದ ಸಾಬೂನು ನೀರು ನದಿಗೆ ಸೇರಿ, ಬ್ಯಾರೇಜಿನ ಗೇಟಿನಿಂದ ಧುಮುಕುವಾಗ ಕಡೆದಂತಾಗಿ ಬೆಟ್ಟದಷ್ಟು ಬಿಳಿ ನೊರೆ. ಛಠ್ ಪೂಜೆಗೆ ಬಂದವರು ಅದರ ನಡುವೆ ಸೊಂಟದ ಮಟ್ಟ ನಿಂತಿರುವ ಚಿತ್ರವನ್ನು ಟಿವಿಯಲ್ಲಿ ನೋಡಿದ ಅಮ್ಮ ಕುಂದಾಪುರದಿಂದ ಫೋನ್ ಮಾಡಿದರು. "ನಿಮ್ಮಲ್ಲೂ ಕಡಲ್ ಇತ್ತಲ್ದಾ ಮಗಾ, ಅಷ್ಟ್ ದೂರದಿಂದ ಇಲ್ಲಿಗ್ ಎಂತಕ್ ಬಪ್ದ್?" ತಮಾಷೆಗೆ ಅಂದರೋ, ಊರಿಗೆ ಬರದೆ ವರ್ಷವಾಯಿತೆಂಬ ಸಿಟ್ಟಿಗೆ ಅಂದರೋ, ಆ ಧ್ವನಿಯಲ್ಲಿ ಎರಡಕ್ಕೂ ಜಾಗ ಇತ್ತು.

ನಮ್ಮ ಮನೆ ಓಖ್ಲಾ ರೈಲ್ವೆ ಸ್ಟೇಷನ್ನಿನ ಕೂಗಳತೆಯಲ್ಲಿದೆ. ನಿಜಾಮುದ್ದೀನಿನಿಂದ ಮಥುರಾ ಕಡೆ ಹೊರಡುವ ಗಾಡಿಗಳೆಲ್ಲ ನಮ್ಮ ಹಿತ್ತಲಿನ ಬದಿಗೇ ಹಾದು ಹೋಗಬೇಕು. ನಸುಕಿನಲ್ಲಿ ಹೊರಡುವ 12618 ಮಂಗಳಾ ಲಕ್ಷದ್ವೀಪ ಎಕ್ಸ್‌ಪ್ರೆಸ್ ಕೂಡ. ಕಾರವಾರ, ಕುಂದಾಪುರ, ಉಡುಪಿ, ಮಂಗಳೂರು ಎಲ್ಲವನ್ನೂ ಮುಟ್ಟುವ ಈ ಗಾಡಿ ಓಖ್ಲಾವನ್ನು ಮಾತ್ರ ಮೂಸಿಯೂ ನೋಡುವುದಿಲ್ಲ. ಇಲ್ಲಿ ನಿಲ್ಲುವುದೇನಿದ್ದರೂ ಪಲ್ವಲ್ ಕಡೆಯ ಲೋಕಲ್ಲುಗಳು. ಆದ್ದರಿಂದ ಊರಿಗೆ ಹೊರಟವರು ಕತ್ತಲಲ್ಲೆದ್ದು, ದಕ್ಷಿಣಕ್ಕೆ ಹೋಗುವ ಸಲುವಾಗಿ ಮೊದಲು ಉತ್ತರಕ್ಕೆ ಆಟೋ ಹಿಡಿದು, ನಿಜಾಮುದ್ದೀನಿನಲ್ಲಿ ಗಾಡಿ ಹತ್ತಿ, ಸಾಮಾನು ಸೀಟಿನಡಿ ತುರುಕಿ ಉಸ್ಸಪ್ಪಾ ಅನ್ನುವಷ್ಟರಲ್ಲಿ ನಮ್ಮದೇ ಮನೆಯ ಹಿಂದೆ ಹಾದು ಹೋಗುತ್ತೇವೆ. ಆ ಕ್ಷಣಕ್ಕೆ ಸರಿಯಾಗಿ ಹೆಂಡತಿ ಕಿಟಕಿಯಿಂದ ಇಣುಕಿ, ಬಾಲ್ಕನಿಯ ದೀಪ ಆರಿಸಿಲ್ಲ ಎಂಬುದನ್ನು ಪತ್ತೆ ಹಚ್ಚುತ್ತಾಳೆ. ರತ್ನಾಗಿರಿ ದಾಟುವವರೆಗೂ ಅದೇ ಮಾತು.

ಗಾಡಿಯ ಹೆಸರು ಮಾಡುವ ಅನಾಹುತ ಬೇರೆ. 2024ರ ಜನವರಿಯಲ್ಲಿ ಪ್ರಧಾನಿಯವರು ಲಕ್ಷದ್ವೀಪದ ಮರಳ ಮೇಲೆ ಕುರ್ಚಿ ಹಾಕಿಕೊಂಡು ಕೂತ ಚಿತ್ರ ಬಂದದ್ದೇ ತಡ, ಎದುರು ಫ್ಲ್ಯಾಟಿನ ನಿವೃತ್ತ ಮಾಸ್ಟರ್‌ಜಿ ನಮ್ಮ ಬಾಗಿಲು ತಟ್ಟಿದರು. ನಮ್ಮೂರಿನ ಕಡೆ ಹೋಗುವ ರೈಲು ಲಕ್ಷದ್ವೀಪಕ್ಕೂ ಹೋಗುತ್ತದಲ್ಲ, ಸ್ಲೀಪರ್ ಕ್ಲಾಸಿಗೆ ಎಷ್ಟು ಅಂತ ಅವರ ವಿಚಾರಣೆ. ರೈಲು ಎರ್ನಾಕುಲಂನಲ್ಲೇ ನಿಂತುಬಿಡುತ್ತದೆ, ಆಮೇಲೆ ಕೊಚ್ಚಿಯಿಂದ ಹಡಗೋ ವಿಮಾನವೋ, ಅದಕ್ಕೂ ಮೊದಲು ಪರ್ಮಿಟ್ ಬೇಕು ಅಂತ ವಿವರಿಸಿದೆ. ಅವರ ಮುಖ ನೋಡಿದರೆ ರೈಲ್ವೆಯವರ ತಪ್ಪಿಗೆ ನಾನೇ ಸಹಿ ಹಾಕಿದಂತಿತ್ತು.

ಆದರೆ ಲಕ್ಷದ್ವೀಪದ ಮೇಲೆ ನಮ್ಮ ಜಿಲ್ಲೆಯವರಿಗೆ ಒಂದು ಹಳೇ ಹಕ್ಕಿದೆ ಅಂತ ನಾನು ಮಾಸ್ಟರ್‌ಜಿಗೆ ಚಹಾ ಕೊಟ್ಟು ಕೂರಿಸಿ ಹೇಳಿದೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಎಂಬ ಅಮಿನ್‌ದೀವಿ ದ್ವೀಪಗಳು ಟಿಪ್ಪುವಿನ ಕೈಯಿಂದ ಬ್ರಿಟಿಷರಿಗೆ ಬಂದಮೇಲೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅವುಗಳ ಕಡತ ಓಡಾಡಿದ್ದು ಮಂಗಳೂರಿನ ಕಚೇರಿಯಲ್ಲಿ. 1956ರ ನವೆಂಬರ್ 1ರಂದು ನಾವೆಲ್ಲ ಒಂದಾದೆವು ಅಂತ ಪಟಾಕಿ ಹೊಡೆಯುವ ಹೊತ್ತಿನಲ್ಲೇ ಈ ದ್ವೀಪಗಳು ನಮ್ಮಿಂದ ಬೇರೆಯಾಗಿ ಕೇಂದ್ರಾಡಳಿತ ಪ್ರದೇಶಕ್ಕೆ ಹೋದವು. ಹೋದರೂ ಬಳಕೆ ಬಿಟ್ಟಿಲ್ಲ. ಮಂಗಳೂರಿನ ಹಳೆ ಬಂದರಿನಿಂದ ಅಕ್ಕಿ, ತರಕಾರಿ, ಸಿಮೆಂಟು ಹೊತ್ತ ಮಂಜಿಗಳು ಇಂದಿಗೂ ಅತ್ತ ಹೋಗುತ್ತವೆ. ಈರುಳ್ಳಿ ಮೂಟೆಗೆ ಇರುವ ನೇರ ದಾರಿ ನನ್ನಂಥವನಿಗಿಲ್ಲ. ಇಷ್ಟೆಲ್ಲ ಕೇಳಿದ ಮಾಸ್ಟರ್‌ಜಿ, ಹಾಗಾದರೆ ನಿಮಗೆ ಪರ್ಮಿಟ್ಟಿನಲ್ಲಿ ರಿಯಾಯಿತಿ ಉಂಟಾ ಅಂದರು.

ನಮ್ಮ ಮನೆಯಲ್ಲಿ ದ್ವೀಪದ ಹುಚ್ಚು ಹಚ್ಚಿದವಳು ಹೆಂಡತಿ. ಅವಳು ಧಾರವಾಡದವಳು. ಕೆಲಗೇರಿ ಕೆರೆಗಿಂತ ದೊಡ್ಡ ನೀರು ಕಂಡರೆ ಮೊಬೈಲ್ ತೆಗೆಯುವ ಜಾತಿ. "ಅಲ್ರೀ, ಮದಿವ್ಯಾದಾಗಿಂದ ನಿಮ್ಮೂರಾಗ ಸಮುದ್ರ ಐತಿ, ಸಮುದ್ರ ಐತಿ ಅಂತ ಕೇಳ್ಕೋತ ಬಂದೀನಿ. ನೋಡಿದ್ದು ಮಾತ್ರ ನಿಮ್ಮ ಅತ್ತಿ ಮನಿ, ಚಿಕ್ಕಮ್ಮನ ಮನಿ, ಅಕ್ಕನ ಮನಿ" ಅನ್ನುವುದು ಅವಳ ಸ್ಥಾಯಿ ಆರೋಪ. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಕಡಲ ಬದಿಯ ಜನಕ್ಕೆ ಕಡಲು ನೋಡುವ ವಸ್ತುವಲ್ಲ, ಮೀನು ಬರುವ ದಿಕ್ಕು. ನನ್ನ ದೊಡ್ಡಪ್ಪ ಜೀವಮಾನವಿಡೀ ಮಲ್ಪೆಗೆ ಸೈಕಲ್ ದೂರದಲ್ಲಿದ್ದವರು. ದೋಣಿಯಲ್ಲಿ ಹತ್ತಿರವೇ ಇರುವ ಸೇಂಟ್ ಮೇರಿ ದ್ವೀಪಕ್ಕೆ, ಅಂದರೆ ನಮ್ಮವರ ಬಾಯಲ್ಲಿ ತೋನ್ಸೆಪಾರಿಗೆ, ಒಮ್ಮೆಯೂ ಕಾಲಿಟ್ಟವರಲ್ಲ. ಯಾಕೆ ಅಂತ ಕೇಳಿದರೆ ಅವರದು ಮರುಪ್ರಶ್ನೆ: "ಅಲ್ ಯಾರ್ ಮನೆ ಇತ್ತ್?"

ಅಲ್ಲಿ ಯಾರ ಮನೆಯೂ ಇಲ್ಲ. ಇರುವುದು ಕಲ್ಲು. ಆದರೆ ಎಂಥ ಕಲ್ಲು! ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ನೆಲದಿಂದ ಕಳಚಿಕೊಳ್ಳುವ ಹೊತ್ತಿಗೆ ಉಕ್ಕಿದ ಲಾವಾ, ಆರುತ್ತ ಆರುತ್ತ ಸೀಳಿ ಷಟ್ಕೋನದ ಕಂಬಗಳಾಗಿ ನಿಂತಿದೆ, ಯಾರೋ ಗರಗಸದಲ್ಲಿ ಕೊಯ್ದು ಜೋಡಿಸಿಟ್ಟ ಹಾಗೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಸಾರಿದೆ. 1498ರಲ್ಲಿ ವಾಸ್ಕೋ ಡ ಗಾಮ ಅಲ್ಲಿಳಿದು ಶಿಲುಬೆ ನೆಟ್ಟು ಮೇರಿ ಮಾತೆಯ ಹೆಸರಿಟ್ಟನೆಂದು ಹೇಳುತ್ತಾರೆ. ಪೋರ್ಚುಗಲ್ಲಿನಿಂದ ಅವನು ಬಂದು ನೋಡಿ ಹೋದ, ಬ್ರಹ್ಮಾವರದಿಂದ ನಮ್ಮ ದೊಡ್ಡಪ್ಪನಿಗೆ ಆಗಲಿಲ್ಲ. ಗಾಮನಿಗೆ ಆ ಕಡೆ ನೆಂಟರಿರಲಿಲ್ಲ ಎಂಬುದನ್ನು ಮಾತ್ರ ಇತಿಹಾಸಕಾರರು ಗಮನಿಸಬೇಕು.

ಹನ್ನೊಂದನೇ ಕ್ಲಾಸಿನ ಮಗಳು ಲ್ಯಾಪ್‌ಟಾಪಿನಲ್ಲಿ ಒಂದು ಪಟ್ಟಿ ಮಾಡಿದಳು. ಪ್ರಕೃತಿಗೊಂದು ಕಾಲಂ, ಸಂಸ್ಕೃತಿಗೊಂದು, ದ್ವೀಪಕ್ಕೊಂದು, ಖರ್ಚಿಗೊಂದು. ದ್ವೀಪದ ಕಾಲಮ್ಮಿನಲ್ಲಿ ಮೊದಲು ನೇತ್ರಾಣಿ. ಮುರ್ಡೇಶ್ವರದಿಂದ ಹತ್ತು ನಾಟಿಕಲ್ ಮೈಲಿ ಆಚೆ, ಮೇಲಿಂದ ನೋಡಿದರೆ ಹೃದಯದ ಆಕಾರ, ನೀರಿನೊಳಗೆ ಹವಳ ಮತ್ತು ಮೀನು, ದಡದಲ್ಲಿ ಹರಕೆಗೆ ಬಿಟ್ಟು ಕಾಡುಪಾಲಾದ ಆಡುಗಳು. ಸ್ಕೂಬಾ ಡೈವಿಂಗ್ ಮಾಡಿಸುತ್ತಾರೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ ನೀರಿಗಿಳಿಸುತ್ತಾರೆ ಅಂದದ್ದೇ ಹೆಂಡತಿ, "ಅಡಗಿಮನಿ ಸಿಲಿಂಡರ್ ಬದಲಾಯಿಸಾಕ ಬರಂಗಿಲ್ಲ ನಿಮ್ಮಪ್ಪಗ" ಅಂತ ಆ ಸಾಲನ್ನು ಹೊಡೆದುಹಾಕಿಸಿದಳು. ಕಾರವಾರದ ಎದುರು ಕೂರ್ಮಗಡ ಇದೆ, ಮೇಲೆ ನರಸಿಂಹನ ಗುಡಿ. ಅಂಜದೀವ್ ಇನ್ನೂ ಹತ್ತಿರ, ಆದರೆ ಅದು ಕಾರವಾರದ ಮಗ್ಗುಲಲ್ಲೇ ಮಲಗಿದ್ದರೂ ಸೇರಿದ್ದು ಗೋವಾಕ್ಕೆ, ಬೀಗದ ಕೈ ನೌಕಾಪಡೆಯ ಹತ್ತಿರ. ಸಂಸ್ಕೃತಿಯ ಕಾಲಮ್ಮಿಗೆ ಮಗಳು ಕಾರವಾರದಿಂದಲೇ ರವೀಂದ್ರನಾಥ ಟಾಗೋರರನ್ನು ತಂದು ಕೂರಿಸಿದಳು. ಅಣ್ಣ ಸತ್ಯೇಂದ್ರನಾಥರು ಅಲ್ಲಿ ನ್ಯಾಯಾಧೀಶರಾಗಿದ್ದಾಗ ಎಳೆ ಪ್ರಾಯದ ರವೀಂದ್ರರು ಬಂದು ಉಳಿದು ನಾಟಕ ಬರೆದರು. ನನ್ನ ಆಸಕ್ತಿ ಮಾತ್ರ ಬೇರೆ. ಅಣ್ಣನ ಮನೆಯಲ್ಲಿ ಉಳಿದುಕೊಂಡೂ ಒಬ್ಬ ಮನುಷ್ಯನಿಗೆ ಕಡಲ ದಂಡೆಯಲ್ಲಿ ಒಂಟಿಯಾಗಿ ತಿರುಗಲು ಬಿಡುವು ಸಿಕ್ಕಿತೆಂದರೆ, ಅತ್ತಿಗೆ ಜ್ಞಾನದಾನಂದಿನಿಯವರು ಎಷ್ಟು ದೊಡ್ಡ ಮನಸ್ಸಿನವರಿರಬೇಕು!

ಪಟ್ಟಿ ಆಯಿತು, ಇನ್ನು ದಿನಾಂಕ. ನಿಜವಾದ ತಕರಾರು ಶುರುವಾಗುವುದು ಇಲ್ಲಿ. ದೆಹಲಿಯ ಶಾಲೆಗಳಿಗೆ ದೊಡ್ಡ ರಜೆ ಸಿಗುವುದು ಮೇ ಮಧ್ಯದಿಂದ ಜೂನ್ ಕೊನೆವರೆಗೆ. ಮಲ್ಪೆಯವರು ದ್ವೀಪದ ದೋಣಿ ನಿಲ್ಲಿಸುವುದೂ ಮೇ ಮಧ್ಯಕ್ಕೇ, ಮತ್ತೆ ಬಿಡುವುದು ಸೆಪ್ಟೆಂಬರ್ ಹೊತ್ತಿಗೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಯೂ ಬಂದ್. ಅಂದರೆ ನಮಗೆ ಬಿಡುವಾದಾಗ ಸಮುದ್ರಕ್ಕೆ ಬಿಡುವಿಲ್ಲ. ಸಮುದ್ರ ತಣ್ಣಗಿರುವ ನವೆಂಬರಿನಲ್ಲಿ ದೆಹಲಿಯ ಗಾಳಿ ಕೆಡುತ್ತದೆ. 2023ರಲ್ಲಿ ಚಳಿಗಾಲದ ರಜೆಯ ಒಂದು ತುಂಡನ್ನು ಮುರಿದು ನವೆಂಬರ್ 9ಕ್ಕೇ ಮಕ್ಕಳ ಕೈಗಿಟ್ಟರು. ರಜೆ ಸಿಕ್ಕಿತು ಅಂತ ಕುಣಿಯುವ ಹಾಗಿಲ್ಲ, ರೈಲಿನ ಟಿಕೇಟು 60 ದಿನ ಮುಂಚೆ ತೆರೆಯುತ್ತದೆ (2024ರ ನವೆಂಬರ್‌ಗೆ ಮೊದಲು 120 ಇತ್ತು), ಹೊಗೆ ಬರುವುದು 60 ದಿನ ಮುಂಚೆ ಹೇಳಿ ಅಲ್ಲ. ತತ್ಕಾಲ್ ಇದೆಯಲ್ಲ ಅನ್ನುವವರು ಬೆಳಿಗ್ಗೆ ಹತ್ತು ಗಂಟೆಗೆ ಒಮ್ಮೆ ಪ್ರಯತ್ನಿಸಿ ನೋಡಲಿ. ಓಟಿಪಿ ಬರುವಷ್ಟರಲ್ಲಿ ಗಾಡಿ ತುಂಬಿ, ಹೊರಟು, ಭೋಪಾಲ ದಾಟಿದಂತಿರುತ್ತದೆ.

ಕೊನೆಗೆ ದಿನಾಂಕ ಗೊತ್ತು ಮಾಡಿದ್ದು ನಾವಲ್ಲ, ಮಂದಾರ್ತಿಯ ದೇವಿ ಅಮ್ಮ. ಬಾರ್ಕೂರಿನ ಅಕ್ಕ ಎಷ್ಟೋ ವರ್ಷದ ಹಿಂದೆ ಮಂದಾರ್ತಿ ಮೇಳದ ಹರಕೆ ಆಟಕ್ಕೆ, ಅಂದರೆ ಯಕ್ಷಗಾನಕ್ಕೆ, ಹೆಸರು ಬರೆಸಿದ್ದಳು. ರೈಲ್ವೆಯ 60 ದಿನ ಯಾವ ಲೆಕ್ಕ! ಐದು ಮೇಳ ಇದ್ದೂ ಹರಕೆಯವರ ಸಾಲು ವರ್ಷಗಟ್ಟಲೆ ಉದ್ದ. ಹರಕೆ ಹೊರುವಾಗ ತೊಟ್ಟಿಲಲ್ಲಿದ್ದ ಕೂಸು ಆಟದ ರಾತ್ರಿ ವೀಳ್ಯ ಹಂಚುವ ಆಳಾಗಿರುತ್ತದೆ. ಅಕ್ಕನ ಸರದಿ ಬಂದದ್ದು ಜನವರಿ ಎರಡನೇ ವಾರಕ್ಕೆ. ಚಳಿಗಾಲದ ರಜೆ ಜನವರಿ 1ರಿಂದ 15. ಮಗಳು ಕಾಲಂ ನೋಡಿ, ಉಡುಪಿಯ ಪರ್ಯಾಯೋತ್ಸವವನ್ನೂ ಸೇರಿಸಬಹುದಲ್ಲ ಅಂದಳು. ಅದು ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ, ಶಾಲೆ 16ಕ್ಕೆ. ಸಂಸ್ಕೃತಿ ಎರಡು ದಿನ ತಡವಾಯಿತು.

ಈ ಹೊತ್ತಿಗೆ ಮಾಸ್ಟರ್‌ಜಿಯೂ ನಮ್ಮ ಜೊತೆ ಹೊರಟಾಗಿತ್ತು. ಲಕ್ಷದ್ವೀಪ ಕೈತಪ್ಪಿದ ಮೇಲೆ ಅವರು 'ಕಾಂತಾರ'ವನ್ನು ಹಿಂದಿಯಲ್ಲಿ ನೋಡಿಬಿಟ್ಟಿದ್ದರು. ದೈವದ ಕೋಲದ ಶೋ ಎಷ್ಟು ಗಂಟೆಗೆ, ಮುಂದಿನ ಸಾಲಿನ ಟಿಕೇಟ್ ಸಿಗುತ್ತದಾ, ಸಿನಿಮಾದ ಆ ಕೂಗು ನಿಜವಾಗಿಯೂ ಕೂಗುತ್ತಾರಾ ಅಂತ ದಿನಕ್ಕೊಂದು ಪ್ರಶ್ನೆ. ದೈವ ಬಂದದ್ದೇ ಹೊತ್ತು, ಎಲ್ಲರೂ ನೆಲದ ಮೇಲೇ, ನೀವು ಕೂಗಿಗೆ ಮೊದಲು ಮೊಬೈಲ್ ಒಳಗಿಡಿ ಅಂದೆ. ಆಟ ರಾತ್ರಿಯಿಡೀ ಅಂದಾಗ ಮಾತ್ರ ಅವರು ಸ್ವಲ್ಪ ಅಳುಕಿ, ನಡುವೆ ಇಂಟರ್ವಲ್ ಇರುತ್ತದಲ್ಲ ಅಂದರು. ಅಮ್ಮನಿಗೆ ಸುದ್ದಿ ಮುಟ್ಟಿಸಿದರೆ ಅವರದು ಒಂದೇ ವಿಚಾರಣೆ. "ಮಾಸ್ಟ್ರ್ ಮೀನ್ ತಿಂತ್ರಾ?" ತಿನ್ನುವುದಿಲ್ಲ ಅಂದೆ. ಫೋನಿನಾಚೆ ಸ್ವಲ್ಪ ಹೊತ್ತು ಸದ್ದಿಲ್ಲ. ಮತ್ತೆ, "ಆಯ್ತ್, ಬಸಳೆ ಇತ್ತ್" ಅಂತ ಬಂತು. ಸೊಸೆಗೆಂದು ಬೆಳೆಸಿದ ಬಸಳೆ ಚಪ್ಪರಕ್ಕೆ ಈಗ ಇನ್ನೊಬ್ಬ ಪಾಲುದಾರ.

ಸುದ್ದಿ ಒಬ್ಬರಿಗೆ ಮುಟ್ಟಿತೆಂದರೆ ಊರಿಗೇ ಮುಟ್ಟಿದಂತೆ. ವಾರದೊಳಗೆ ಮಗಳ ಪಟ್ಟಿ ಗುರುತು ಸಿಗದ ಹಾಗಾಯಿತು. ಕಾರವಾರ ಇದ್ದಲ್ಲಿ ಕೋಟದ ಅತ್ತೆ ಬಂದರು. ಮುರ್ಡೇಶ್ವರದ ಜಾಗಕ್ಕೆ ಬೈಂದೂರಿನ ಚಿಕ್ಕಮ್ಮ, ಅವರ ಮನೆಯಲ್ಲಿ ಮಧ್ಯಾಹ್ನ ಕೊಟ್ಟೆ ಕಡುಬು. ಹೆಮ್ಮಾಡಿಯ ಭಾವ, ದಾರಿಯಲ್ಲೇ ಅಲ್ದಾ, ಹೀಂಗೆ ಬಂದ್ ಹಾಂಗೆ ಹೋಪ್ದ್, ಅಂದರು. ಆ ಹೀಂಗೆ ಹಾಂಗೆಯ ನಡುವೆ ಎರಡು ಲೋಟ ಕಾಫಿ, ಒಂದು ಹಲಸಿನ ಹಪ್ಪಳದ ಕಟ್ಟು, ಊರ ಮದುವೆಗಳ ಪೂರ್ತಿ ವರದಿ ಇರುತ್ತವೆ. ಹೆಂಡತಿ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿ, "ದ್ವೀಪದಿಂದ ದ್ವೀಪಕ್ಕ ಜಿಗಿಯೂದು ಅಂದಿದ್ರಿ, ಇದು ಮನಿಯಿಂದ ಮನಿಗೆ ಜಿಗಿಯೂದಾತು" ಅಂದಳು. ಮಗಳು ಪ್ರತಿ ಮನೆಯ ಮುಂದೆ ಪ್ರಕೃತಿ ಅಂತಲೂ ಬರೆಯದೆ ಸಂಸ್ಕೃತಿ ಅಂತಲೂ ಬರೆಯದೆ 'ಊಟ' ಎಂಬ ಹೊಸ ಕಾಲಂ ತೆರೆದಳು.

ಹೆಂಡತಿ ಒಂದರಲ್ಲಿ ಮಾತ್ರ ಜಗ್ಗಲಿಲ್ಲ. ತೋನ್ಸೆಪಾರು ಉಳಿಯಲೇಬೇಕು. ಹುಡುಕಿ ಹುಡುಕಿ, ಹರಕೆ ಆಟದ ಮಾರನೇ ದಿನ, ರಾತ್ರಿಯಿಡೀ ನಿದ್ದೆಗೆಟ್ಟವರೆಲ್ಲ ಹಗಲು ಮಲಗುವ ಹೊತ್ತಿನಲ್ಲಿ ಒಂದು ಕಿಂಡಿ ಸಿಕ್ಕಿತು. ಬೆಳಿಗ್ಗೆ ಹತ್ತಕ್ಕೆ ಬಾರ್ಕೂರು ಬಿಟ್ಟರೆ ಹನ್ನೊಂದರ ಹೊತ್ತಿಗೆ ಮಲ್ಪೆ. ದೋಣಿ ತುಂಬಿದ ಮೇಲೆ ಬಿಡುತ್ತಾರೆ. ಅಲ್ಲಿ 8.8 ಕೋಟಿ ವರ್ಷದ ಕಲ್ಲುಗಳಿಗೆ ಒಂದು ಗಂಟೆ ಕೊಟ್ಟರೂ ಮರಳಿ ದಡ ಮುಟ್ಟುವಾಗ ಎರಡಾಗುತ್ತದೆ, ಅಕ್ಕನ ಮನೆ ತಲುಪುವಾಗ ಮೂರು. ಅಕ್ಕನ ಮನೆಯಲ್ಲಿ ಎಲೆ ಹಾಕುವುದು ಒಂದಕ್ಕೆ. ಅದೂ ಆಟದ ಮರುದಿನದ ಊಟ, ನೆಂಟರೆಲ್ಲ ಕೂತಿರುತ್ತಾರೆ, ತಮ್ಮನಿಲ್ಲದೆ ಅವಳು ಬಡಿಸುವವಳಲ್ಲ.

ಟಿಕೇಟು ಸಿಕ್ಕಿದೆ, ಆರ್‌ಏಸಿಯಲ್ಲಿ. ಮಾಸ್ಟರ್‌ಜಿ ಟೋಪಿ ಕೊಂಡಿದ್ದಾರೆ. ಬಾಲ್ಕನಿ ದೀಪದ ಸ್ವಿಚ್ಚಿಗೆ ಹೆಂಡತಿ ಕೆಂಪು ಚೀಟಿ ಅಂಟಿಸಿದ್ದಾಳೆ. ಮಗಳ ಪಟ್ಟಿಯಲ್ಲಿ ಈಗ ಒಂದೇ ಮನೆ ಖಾಲಿ: ಊಟಕ್ಕೆ ಎರಡು ಗಂಟೆ ತಡವಾಗುತ್ತದೆ ಅಂತ ಅಕ್ಕನಿಗೆ ಫೋನ್ ಮಾಡುವವರು ಯಾರು. ಹೆಂಡತಿ ನನ್ನ ಕಡೆ ನೋಡುತ್ತಾಳೆ, ನಾನು ಮಗಳ ಕಡೆ ನೋಡುತ್ತೇನೆ, ಮಗಳು ಮಾಸ್ಟರ್‌ಜಿಗೆ ಕನ್ನಡ ಕಲಿಸಲು ಶುರು ಮಾಡಿದ್ದಾಳೆ.